‘ಖಂಡನೆ’ ಎಂದು ಶೀರ್ಷಿಕೆ ಕೊಡುವ ಮೊದಲು: ನನ್ನ ಅನುಭವ

ಮುಂಬಯಿಯ ಕನ್ನಡ ಪತ್ರಿಕೆಯ ಡೆಸ್ಕಿಗೆ ಯುದ್ಧದ ಸುದ್ದಿ ಎರಡು ಭಾಷೆಗಳಲ್ಲಿ ಬರುತ್ತದೆ. ಏಜೆನ್ಸಿ ಕಾಪಿ ಇಂಗ್ಲಿಷಿನಲ್ಲಿ, ಊರಿನ ಸಂಘಟನೆಗಳ ಪ್ರಕಟಣೆ ಮರಾಠಿಯಲ್ಲಿ. ಮೊದಲ ಗುಂಡಿ ಇರುವುದು ಮರಾಠಿಯಲ್ಲೇ. ಆಜಾದ್ ಮೈದಾನದ ಪ್ರತಿಭಟನೆಯ ಫಲಕದಲ್ಲಿ ‘ತೀವ್ರ ನಿಷೇಧ’ ಎಂದಿದ್ದರೆ ಅದು ಕನ್ನಡದ ‘ಖಂಡನೆ’. ಅವಸರದಲ್ಲಿ ಹಾಗೇ ಎತ್ತಿಕೊಂಡರೆ ‘ನಾಗರಿಕರ ಮೇಲಿನ ದಾಳಿಗೆ ನಿಷೇಧ’ ಎಂದಾಗಿ, ಯಾರೋ ದಾಳಿಯನ್ನೇ ನಿಲ್ಲಿಸಿಬಿಟ್ಟರು ಎಂಬ ಅರ್ಥ ಬರುತ್ತದೆ.

ಇಂಗ್ಲಿಷ್ ಪ್ರಕಟಣೆಯನ್ನು ನಾನು ನೇರ ಅನುವಾದಕ್ಕೆ ತೆಗೆದುಕೊಳ್ಳುವುದಿಲ್ಲ. ಪ್ರಿಂಟ್ ತೆಗೆದು ಮೊದಲು ಕ್ರಿಯಾಪದಗಳಿಗೆ ಗೆರೆ ಎಳೆಯುತ್ತೇನೆ. ಆಮೇಲೆ ಆ ಕ್ರಿಯಾಪದ ಯಾವುದಕ್ಕೆ ಸೇರಿದ್ದು ಎಂದು ಬಾಣ ಹಾಕುತ್ತೇನೆ. ಕೊನೆಗೆ, ಕೊಂದವರ ಹೆಸರು ಇದೆಯೇ ಎಂದು ನೋಡುತ್ತೇನೆ.

2022ರ ಮಾರ್ಚ್ 2ರ ವಿಶ್ವಸಂಸ್ಥೆ ಸಾಮಾನ್ಯ ಸಭೆಯ ನಿರ್ಣಯವನ್ನು ಹೀಗೆ ಬಿಡಿಸಿ ನೋಡಿ. ಪರ 141, ವಿರುದ್ಧ 5, ತಟಸ್ಥ 35, ಭಾರತ ತಟಸ್ಥ. ಉಕ್ರೇನ್ ಮೇಲಿನ ರಷ್ಯಾದ ಆಕ್ರಮಣಕ್ಕೆ ಅಲ್ಲಿ ಬಳಸಿದ ಪದ ‘ಡಿಪ್ಲೋರ್’, ಅದೂ ಅತ್ಯಂತ ಕಟುವಾದ ಮಾತಿನಲ್ಲಿ. ಮನೆ, ಶಾಲೆ, ಆಸ್ಪತ್ರೆಗಳ ಮೇಲಿನ ದಾಳಿಯ ವರದಿಗಳಿಗೆ ಪೀಠಿಕೆಯಲ್ಲಿ ‘ಗ್ರೇವ್ ಕನ್ಸರ್ನ್’. ಅಂತರರಾಷ್ಟ್ರೀಯ ಮಾನವೀಯ ಕಾನೂನಿನ (ಯುದ್ಧದ ನಿಯಮಗಳ) ಎಲ್ಲ ಉಲ್ಲಂಘನೆಗಳಿಗೆ ‘ಕಂಡೆಮ್’. ಒಂದೇ ಕಾಗದದಲ್ಲಿ ಮೂರು ತೂಕ. ಮೂರನ್ನೂ ‘ಖಂಡಿಸಿದೆ’ ಎಂದು ಬರೆದರೆ, ನ್ಯೂಯಾರ್ಕಿನಲ್ಲಿ ಒಂದೊಂದು ಪದಕ್ಕೂ ಹಗ್ಗಜಗ್ಗಾಟ ನಡೆಸಿ ಇಟ್ಟ ಅಂತರವನ್ನು ನಾವು ಅಳಿಸಿದಂತೆ. ಕನ್ಸರ್ನ್‌ಗೆ ‘ಕಳವಳ’, ಗ್ರೇವ್ ಸೇರಿದರೆ ‘ತೀವ್ರ ಕಳವಳ’, ಕಂಡೆಮ್‌ಗೆ ಮಾತ್ರ ‘ಖಂಡನೆ’. ಡಿಪ್ಲೋರ್ ತೊಡಕಿನದು. ನಿಘಂಟು ಕೊಡುವ ‘ವಿಷಾದ’ ಕನ್ನಡದಲ್ಲಿ ತಪ್ಪು ಮಾಡಿದವನ ಮಾತು. ನಾನು ‘ಕಟು ಆಕ್ಷೇಪ’ ಎನ್ನುತ್ತೇನೆ. ಒಂದು ಕಾಲಂ ಶೀರ್ಷಿಕೆಯಲ್ಲಿ ‘ಕಳವಳ’ವೂ ‘ಖಂಡನೆ’ಯಷ್ಟೇ ಜಾಗ ಹಿಡಿಯುತ್ತದೆ, ಹಾಗಾಗಿ ಜಾಗದ ನೆಪ ನಡೆಯದು.

ಆ ಮತದಾನದ ಹಿಂದಿನ ದಿನ, ಮಾರ್ಚ್ 1ರಂದು, ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಉಕ್ರೇನಿನ ಖಾರ್ಕಿವ್‌ನಲ್ಲಿ ಸತ್ತಿದ್ದ. ಶೆಲ್ ದಾಳಿಯಲ್ಲಿ ಭಾರತೀಯ ವಿದ್ಯಾರ್ಥಿಯೊಬ್ಬ ಪ್ರಾಣ ಕಳೆದುಕೊಂಡಿದ್ದಾನೆ ಎಂದು ವಿದೇಶಾಂಗ ಸಚಿವಾಲಯದ ವಕ್ತಾರರು ಅತೀವ ದುಃಖದಿಂದ ದೃಢಪಡಿಸಿದರು. ಅಲ್ಲಿ ದುಃಖವಿತ್ತು, ಖಂಡನೆ ಇರಲಿಲ್ಲ. ಶೆಲ್ ಯಾರದೆಂದೂ ಇರಲಿಲ್ಲ. ನಮ್ಮ ಹುಡುಗ ಎಂಬ ಸಂಕಟದಲ್ಲಿ ಇಲ್ಲದ ಖಂಡನೆಯನ್ನು ಸೇರಿಸಲು ಕೈ ಎಳೆಯುತ್ತದೆ. ಸೇರಿಸಿದರೆ, ಸರ್ಕಾರ ಆಡದೇ ಬಿಟ್ಟ ಮಾತನ್ನು ಆಡಿತು ಎಂದು ಅವನ ಮನೆಯವರನ್ನೇ ನಂಬಿಸಿದಂತಾಗುತ್ತದೆ.

ಉಕ್ರೇನಿನ ಬೂಚಾ ಪಟ್ಟಣದ ವಿಷಯ ಬೇರೆ. 2022ರ ಏಪ್ರಿಲ್ 5ರಂದು ಭದ್ರತಾ ಮಂಡಳಿಯಲ್ಲಿ ಭಾರತ ಅಲ್ಲಿನ ನಾಗರಿಕರ ಹತ್ಯೆಗಳನ್ನು ನಿಸ್ಸಂದಿಗ್ಧವಾಗಿ ಖಂಡಿಸಿತು, ಸ್ವತಂತ್ರ ತನಿಖೆಯ ಕರೆಯನ್ನು ಬೆಂಬಲಿಸಿತು. ಕೊಂದವರ ಹೆಸರು ಹೇಳಲಿಲ್ಲ. ‘ರಷ್ಯಾ ಕೃತ್ಯಕ್ಕೆ ಭಾರತ ಖಂಡನೆ’ ಎಂಬ ಶೀರ್ಷಿಕೆ ತಪ್ಪು. ‘ಬೂಚಾ ಹತ್ಯೆ: ಭಾರತ ಖಂಡನೆ, ಸ್ವತಂತ್ರ ತನಿಖೆಗೆ ಬೆಂಬಲ’ ಸರಿ. ಮೂಲದಲ್ಲಿ ಹತ್ಯೆ ಎಂದಿರುವಾಗ ಅದನ್ನು ‘ಸಾವು’, ‘ಬಲಿ’ ಎಂದು ಇಳಿಸುವುದನ್ನಂತೂ ನಾನು ಒಪ್ಪುವುದಿಲ್ಲ. ಸಾವಿಗೆ ಕೊಲೆಗಾರ ಬೇಕಿಲ್ಲ, ಹತ್ಯೆಗೆ ಬೇಕು.

‘ನಾಗರಿಕ’ ಪದವೂ ಜಾರುತ್ತದೆ. ಉಕ್ರೇನಿನ ನಾಗರಿಕ ಎಂದರೆ ಅಲ್ಲಿನ ಪ್ರಜೆ ಎಂದೂ ಆಗುತ್ತದೆ, ಸೈನಿಕನೂ ಅದರಲ್ಲಿ ಸೇರಿಬಿಡುತ್ತಾನೆ. ಮೊದಲ ಉಲ್ಲೇಖದಲ್ಲಿ ‘ಸೇನೆಗೆ ಸೇರದ ಜನ’ ಎಂದು ಬಿಡಿಸಿ ಬರೆದು ಮುಂದೆ ನಾಗರಿಕರು ಎಂದರೆ ಗೊಂದಲವಿಲ್ಲ. ‘ಅಮಾಯಕರು’ ಬೇಡ. ಜಿನೀವಾ ಒಪ್ಪಂದಗಳ 1977ರ ಮೊದಲ ಹೆಚ್ಚುವರಿ ಪ್ರೋಟೊಕಾಲ್‌ನ 50ನೇ ವಿಧಿ ಅಮಾಯಕತೆಯ ಪುರಾವೆ ಕೇಳುವುದಿಲ್ಲ. ಸಂಶಯವಿದ್ದರೆ ಅವರನ್ನು ನಾಗರಿಕರೆಂದೇ ಪರಿಗಣಿಸಬೇಕು ಎನ್ನುತ್ತದೆ.

ಹೇಳಿದ್ದು ಯಾರು ಎಂಬುದು ಎರಡನೇ ವಾಕ್ಯದೊಳಗೆ ಬರಬೇಕು. ಭದ್ರತಾ ಮಂಡಳಿಯ ಪತ್ರಿಕಾ ಹೇಳಿಕೆಗೆ 15 ಸದಸ್ಯರ ಒಮ್ಮತ ಬೇಕು. ನಿರ್ಣಯಕ್ಕೆ 9 ಮತ ಸಾಕು, ಆದರೆ ಕಾಯಂ ಸದಸ್ಯರ ವೀಟೊ ಬೀಳಬಾರದು. ಒಬ್ಬ ರಾಯಭಾರಿಯ ಭಾಷಣ ಇವೆರಡೂ ಅಲ್ಲ, ಅದನ್ನು ‘ಭದ್ರತಾ ಮಂಡಳಿ ಖಂಡನೆ’ ಎನ್ನಲಾಗದು.

ಪ್ರಕಟಣೆ ಬಿಟ್ಟ ಹೆಸರನ್ನು ನಾನು ಅದರ ಬಾಯಿಗೆ ತುರುಕುವುದಿಲ್ಲ. ಆದರೆ ‘ದಾಳಿ ಮಾಡಿದವರ ಹೆಸರನ್ನು ಹೇಳಿಕೆ ಉಲ್ಲೇಖಿಸಿಲ್ಲ’ ಎಂಬ ಸಾಲನ್ನು ತಪ್ಪದೆ ಬರೆಯುತ್ತೇನೆ, ಅದೂ ಎರಡನೇ ಪ್ಯಾರಾದಲ್ಲಿ. ರಾತ್ರಿ ಪುಟದಲ್ಲಿ ಜಾಗ ಸಾಲದಾಗ ಕತ್ತರಿ ಬೀಳುವುದು ಕೆಳಗಿನಿಂದ.