ಬಿಡಿಭಾಗ ಆರಿಸಿ ನಾನೇ ಜೋಡಿಸಿದ ಟೆಲಿಕಾಸ್ಟರ್

ಬಿಡಿಭಾಗ ತಂದು ಎಲೆಕ್ಟ್ರಿಕ್ ಗಿಟಾರ್ ಜೋಡಿಸಿದರೆ ದುಡ್ಡು ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನೆಕ್ (ಬೆರಳಿಟ್ಟು ನುಡಿಸುವ ಉದ್ದನೆಯ ಹಿಡಿ) ಒಂದು ಕಡೆಯಿಂದ, ಪಿಕಪ್ (ತಂತಿಯ ಕಂಪನ ಹಿಡಿಯುವ ಅಯಸ್ಕಾಂತದ ಸುರುಳಿ) ಇನ್ನೊಂದು ಕಡೆಯಿಂದ, ಎರಡಕ್ಕೂ ಕೊರಿಯರ್, ಅದರ ಮೇಲೆ ಕಸ್ಟಮ್ಸ್ ಸುಂಕ. ಮುಗಿಯುವಷ್ಟರಲ್ಲಿ ಅಂಗಡಿಯ ಒಳ್ಳೆ ಗಿಟಾರಿನ ಬೆಲೆ ದಾಟಿರುತ್ತದೆ. ನಾಳೆ ಮಾರಲು ಹೋದರೆ ಭಾಗಗಳ ಬೆಲೆಯೂ ಹುಟ್ಟುವುದಿಲ್ಲ, ಯಾಕೆಂದರೆ ನೆಕ್‌ನ ತುದಿಯ ಹೆಡ್‌ಸ್ಟಾಕ್ ಮೇಲೆ ಕಂಪನಿ ಹೆಸರಿಲ್ಲ. ಆ ಹೆಸರಿನ ಸ್ಟಿಕ್ಕರ್ ತಂದು ಅಂಟಿಸುವವರೂ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ, ನನ್ನದು ಬೋಳಾಗಿಯೇ ಇದೆ. ನನಗೆ ಬೇಕಿದ್ದದ್ದು ಸ್ವಲ್ಪ ದಪ್ಪನೆಯ ನೆಕ್, ಹಳೇ ಥರದ ಪಿಕಪ್, ಹೆಗಲಿಗೆ ಭಾರವಾಗದ ಬಾಡಿ. ಮೂರೂ ಒಂದೇ ಗಿಟಾರಿನಲ್ಲಿ ಸಿಗಲಿಲ್ಲ, ಹಾಗಾಗಿ ಜೋಡಿಸಿದೆ.

ಮೊದಲ ಸಲ ಕೈ ಹಾಕುವವರಿಗೆ ಟೆಲಿಕಾಸ್ಟರ್‌ಗಿಂತ ಸುಲಭದ್ದು ಇಲ್ಲ. ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ಲಿಯೋ ಫೆಂಡರ್ 1950ರಲ್ಲಿ ಇದನ್ನು ಬ್ರಾಡ್‌ಕಾಸ್ಟರ್ ಅಂತ ಮಾರುಕಟ್ಟೆಗೆ ತಂದರು. ಅದೇ ಥರದ ಹೆಸರಿನ ಡ್ರಮ್ ಮಾರುತ್ತಿದ್ದ ಗ್ರೆಚ್ ಕಂಪನಿ ತಕರಾರು ತೆಗೆದ ಮೇಲೆ 1951ರಲ್ಲಿ ಟೆಲಿಕಾಸ್ಟರ್ ಆಯಿತು. ಒಂದು ಹಲಗೆ, ಅದಕ್ಕೆ ನಾಲ್ಕು ಸ್ಕ್ರೂನಲ್ಲಿ ಕೂತ ನೆಕ್, ಎರಡು ಪಿಕಪ್, ಅಷ್ಟೇ. ನೆಕ್ ಹಾಳಾದರೆ ಬಿಚ್ಚಿ ಬೇರೆ ಹಾಕಬಹುದು. ಅಂಟು ಹಾಕಿ ಕೂರಿಸುವ ಗಿಟಾರಿನಲ್ಲಿ ಈ ಸುಖ ಇಲ್ಲ.

ಎಲ್ಲರೂ ಕೇಳುವುದು ಯಾವ ಬ್ರ್ಯಾಂಡಿನ ಭಾಗ ಹಾಕಿದೆ ಅಂತ. ನಾನು ಕೇಳುವುದು ಎಷ್ಟು ಮಿಲಿಮೀಟರ್ ಅಂತ. ಅತ್ಯುತ್ತಮ ಭಾಗಗಳನ್ನೇ ತಂದರೂ ಅಳತೆ ಒಂದಕ್ಕೊಂದು ಕೂಡದಿದ್ದರೆ ಗಿಟಾರ್ ಆಗುವುದಿಲ್ಲ, ಅಲ್ವಾ? ತಾಪತ್ರಯ ಏನೆಂದರೆ ಅಮೆರಿಕದ ಭಾಗಗಳು ಇಂಚಿನಲ್ಲಿ, ಏಷ್ಯಾದ ಬಹಳಷ್ಟು ಭಾಗಗಳು ಮಿಲಿಮೀಟರಿನಲ್ಲಿ. ಫೆಂಡರ್ ಮಾದರಿಯ ನೆಕ್‌ನ ಬುಡ ಸುಮಾರು 56 ಮಿ.ಮೀ. ಅಗಲ, ಅದು ಕೂರುವ ಬಾಡಿಯ ಪಾಕೆಟ್ ಸುಮಾರು 16 ಮಿ.ಮೀ. ಆಳ. ಟ್ಯೂನರ್ (ತಂತಿ ಬಿಗಿಯುವ ಕಿವಿ) ತೂತು ಹಳೇ ಮಾದರಿಗೆ 8.7 ಮಿ.ಮೀ., ಹೊಸದಕ್ಕೆ 10. ದನಿ ಏರಿಳಿಸಲು ತಿರುಗಿಸುವ ವಾಲ್ಯೂಮ್ ಪಾಟ್‌ನಲ್ಲಿ, ಅಮೆರಿಕದ್ದರ ದಂಡಕ್ಕೆ 24 ಹಲ್ಲು, ಏಷ್ಯಾದ್ದಕ್ಕೆ 18. ಒಂದರ ನಾಬ್ ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಸ್ವಿಚ್‌ನ ತುದಿಗೆ ಹಾಕುವ ಪ್ಲಾಸ್ಟಿಕ್ ಟೋಪಿಗೂ ಇದೇ ಕಥೆ. ಏನೂ ಆರ್ಡರ್ ಮಾಡುವ ಮೊದಲು ಒಂದು ಹಾಳೆಯಲ್ಲಿ ಈ ಅಳತೆಗಳನ್ನೆಲ್ಲ ಬರೆದುಕೊಂಡೆ. ಮಾರುವವರು ಅಳತೆ ಹೇಳದಿದ್ದರೆ ಆ ಭಾಗ ಬೇಡ ಅಂತ ಬಿಟ್ಟೆ. ಒಂದು ವರ್ನಿಯರ್ ಕ್ಯಾಲಿಪರ್ ಕೊಂಡುಕೊಳ್ಳಿ, ಉಳಿದ ಉಪಕರಣ ಸಾಲ ಕೇಳಿದರೂ ನಡೆಯುತ್ತದೆ.

ದುಡ್ಡು ಸುರಿಯುವುದಿದ್ದರೆ ನೆಕ್ ಮೇಲೆ ಸುರಿಯಿರಿ. ಕೈ ಇಡೀ ದಿನ ಇರುವುದು ಅಲ್ಲೇ. ನಾನು ತಂದದ್ದು ಮೇಪಲ್ ನೆಕ್, ಅದರ ಮೇಲೆ ಬೆರಳಿಡುವ ಬೀಟೆಯ ಪಟ್ಟಿ, ಅಂದರೆ ಫಿಂಗರ್‌ಬೋರ್ಡ್, ಅದರ ಉಬ್ಬು 9.5 ಇಂಚಿನ ರೇಡಿಯಸ್. ಹಳೇ 7.25 ಇಂಚಿನ ದುಂಡಗಿನ ಬೋರ್ಡಿನಲ್ಲಿ ಕಾರ್ಡ್ ಹಿಡಿಯಲು ಹಿತ, ಆದರೆ ತಂತಿ ಎಳೆದು ಬೆಂಡ್ ಮಾಡಿದಾಗ ಸ್ವರ ಉಸಿರುಗಟ್ಟಿ ನಿಲ್ಲುತ್ತದೆ. ಬೀಟೆಯ ವಿಷಯ ಸ್ವಲ್ಪ ತಮಾಷೆ. ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಮರ, ಮೈಸೂರು ವೀಣೆ ಮಾಡುವ ಮರ, ಜಗತ್ತಿನ ಅರ್ಧ ಗಿಟಾರುಗಳ ಮೇಲೆ ಕೂತಿರುವ ಮರ. ಅದನ್ನೇ ನಾನು ಹೊರದೇಶದಿಂದ ಸುಂಕ ಕಟ್ಟಿ ತರಿಸಿಕೊಂಡೆ! 2017ರ ಜನವರಿಯಿಂದ ಬೀಟೆ ಜಾತಿಯ ಮರಗಳೆಲ್ಲ ಸೈಟಿಸ್ (ಅಳಿವಿನ ಭೀತಿಯ ಗಿಡ, ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ) ಒಪ್ಪಂದದ ನಿಯಮದೊಳಗೆ ಬಂದು, ಗಡಿ ದಾಟುವ ವ್ಯಾಪಾರಕ್ಕೆ ಕಾಗದಪತ್ರ ಬೇಕಾಗುತ್ತಿತ್ತು. ಆಗ ಹಲವು ಕಂಪನಿಗಳು ಬೇರೆ ಮರಕ್ಕೆ ಹೋದವು. 2019ರ ಕೊನೆಯಲ್ಲಿ ತಯಾರಾದ ವಾದ್ಯಗಳಿಗೂ ಅವುಗಳ ಭಾಗಗಳಿಗೂ ವಿನಾಯಿತಿ ಸಿಕ್ಕಿತು.

ಬಾಡಿಗೆ ಮೊದಲು ಆಸೆ ಇದ್ದದ್ದು ಸ್ವಾಂಪ್ ಆ್ಯಶ್ ಮೇಲೆ, ಹಳೇ ಟೆಲಿಗಳ ಮರ. ಆದರೆ ಅಮೆರಿಕದಲ್ಲಿ ಮರ ಕೊರೆಯುವ ಹುಳ, ನೆರೆ ಎಲ್ಲ ಸೇರಿ ಅದು ಅಪರೂಪವಾಗಿದೆ. ಫೆಂಡರ್‌ನವರೇ 2020ರಲ್ಲಿ ಬಳಕೆ ಕಡಿಮೆ ಮಾಡುತ್ತೇವೆ ಅಂದರು. ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡಿನಲ್ಲಿ ತೇಗದ ಹಲಗೆಗಳನ್ನೂ ಎತ್ತಿ ನೋಡಿದೆ. ಚೆಂದ ಇತ್ತು, ಆದರೆ ಆ ಭಾರ ಕೊರಳಿಗೆ ಹಾಕಿಕೊಂಡು ನಿಂತು ನುಡಿಸುವುದು ಯಾರಿಗೆ ಬೇಕು? ಕೊನೆಗೆ ಆಲ್ಡರ್. ತೂಕ ಸುಮಾರು ಎರಡು ಕೆ.ಜಿ. ಪಾಲಿಶ್‌ಗೆ ಅರಗು. ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಲ್ಲಿ ತೆಳ್ಳಗೆ ಪದರ ಪದರವಾಗಿ ಹಚ್ಚಿದೆ. ಚನ್ನಪಟ್ಟಣದ ಬೊಂಬೆಗೂ ಹೊಳಪು ಕೊಡುವುದು ಅರಗೇ ತಾನೇ. ಬೆವರಿಗೆ, ಬಿಸಿಗೆ ಸ್ವಲ್ಪ ಸೋಲುತ್ತದೆ, ಆದರೆ ಗೀಚಿದರೆ ಮತ್ತೆ ಹಚ್ಚಬಹುದು.

ಬಾಡಿ ಕೊಳ್ಳುವಾಗ ಬ್ರಿಜ್‌ನ (ಬಾಡಿಯ ಮೇಲೆ ತಂತಿಗಳನ್ನು ಹೊರುವ ಲೋಹದ ತಟ್ಟೆ) ತೂತು ಕೊರೆಯದೇ ಇರುವುದನ್ನೇ ಕೇಳಿ ತೆಗೆದುಕೊಂಡೆ. ನನ್ನ ಪ್ರಕಾರ ಇಡೀ ಕೆಲಸದ ಜೀವ ಇಲ್ಲಿದೆ. ನೆಕ್ ಒಬ್ಬರದು, ಬಾಡಿ ಇನ್ನೊಬ್ಬರದು ಆದಾಗ ಮಧ್ಯರೇಖೆ ಕೂದಲೆಳೆಯಷ್ಟಾದರೂ ಆಚೀಚೆ ಇರುತ್ತದೆ. ಬ್ರಿಜ್ ತೂತು ಮೊದಲೇ ಇದ್ದರೆ ಸರಿಮಾಡಲು ಜಾಗವೇ ಇರುವುದಿಲ್ಲ. ಹಾಗಾಗಿ ಮೊದಲು ನೆಕ್ ಕೂರಿಸಿದೆ. ಬಾಡಿಯ ತೂತು ಸ್ಕ್ರೂಗಿಂತ ಸ್ವಲ್ಪ ಸಡಿಲ ಇರಬೇಕು, ಹಿಡಿತ ನೆಕ್‌ನಲ್ಲಿ ಮಾತ್ರ ಸಿಗಬೇಕು. ಆಗಲೇ ಎರಡೂ ಮರ ಬಿಗಿಯಾಗಿ ಕಚ್ಚಿಕೊಳ್ಳುವುದು. ನೆಕ್‌ಗೆ 3 ಮಿ.ಮೀ. ಡ್ರಿಲ್ ಹಾಕಿದೆ. ಬಿಟ್ ಮೇಲೆ ಆಳದ ಗುರುತಿಗೆ ಟೇಪ್ ಸುತ್ತಿದ್ದೆ, ಇಲ್ಲದಿದ್ದರೆ ತುದಿ ಫಿಂಗರ್‌ಬೋರ್ಡಿನಲ್ಲಿ ಹೊರಗೆ ಬರುತ್ತದೆ. ಮೇಪಲ್ ಗಟ್ಟಿ ಮರ, ಸ್ಕ್ರೂಗೆ ಮೇಣದಬತ್ತಿ ಉಜ್ಜಿದರೆ ತಲೆ ಮುರಿಯುವುದಿಲ್ಲ.

ಆಮೇಲೆ ಎರಡು ಅಂಚಿನ ಟ್ಯೂನರ್‌ಗಳಿಂದ ಹೊಲಿಗೆ ದಾರ ಎಳೆದು, ನಟ್ (ನೆಕ್‌ನ ಮೇಲ್ತುದಿಯಲ್ಲಿ ತಂತಿ ಕೂರುವ ಗಾಡಿಯ ಪಟ್ಟಿ) ಮೇಲೆ ಹಾಯಿಸಿ, ಬ್ರಿಜ್‌ನಲ್ಲಿ ತಂತಿ ಕೂರುವ ಸ್ಯಾಡಲ್ ತನಕ ತಂದು ಬಿಗಿದೆ. ಬ್ರಿಜ್ ಸುಮ್ನೆ ಬಾಡಿಯ ಮೇಲೆ ಕೂತಿತ್ತು. ಈ ಹಳೇ ಮಾದರಿಯ ಬ್ರಿಜ್‌ನಲ್ಲಿ ಅಂಚಿನ ತಂತಿಗಳ ನಡುವೆ 54 ಮಿ.ಮೀ. ಅಂತರ. ನೆಕ್‌ನ ಬುಡ 56. ಅಂದರೆ ಎರಡೂ ಕಡೆ ಉಳಿಯುವ ಜಾಗ ಬಹಳ ಕಡಿಮೆ. ಬ್ರಿಜ್ ಒಂದು ಮಿ.ಮೀ. ಸರಿದರೂ ಸಣ್ಣ ತಂತಿ ಅಂಚಿನಿಂದ ಜಾರಿ ಬೀಳಬಹುದು. ಎರಡೂ ದಾರ ಎರಡೂ ಅಂಚಿನಿಂದ ಸಮ ದೂರ ಬರುವ ತನಕ ಬ್ರಿಜ್ ಸರಿಸುತ್ತಾ ಹೋದೆ. ಉದ್ದದ ಲೆಕ್ಕ ಬೇರೆ: ನಟ್‌ನಿಂದ 12ನೇ ಫ್ರೆಟ್ (ಫಿಂಗರ್‌ಬೋರ್ಡಿನ ಅಡ್ಡ ಲೋಹದ ಗೆರೆ) ತನಕ 324 ಮಿ.ಮೀ., ಅಲ್ಲಿಂದ ಸಣ್ಣ ತಂತಿಯ ಸ್ಯಾಡಲ್‌ಗೆ ಅಷ್ಟೇ. ಅಳೆಯುವಾಗ ಆ ಸ್ಯಾಡಲ್ ಪೂರ್ತಿ ಮುಂದೆ ಇರಬೇಕು, ಯಾಕೆಂದರೆ ಆಮೇಲೆ ಇಂಟೊನೇಶನ್‌ಗೆ, ಅಂದರೆ ಎಲ್ಲ ಫ್ರೆಟ್‌ಗಳಲ್ಲೂ ಶ್ರುತಿ ಸರಿಬರಲು, ಸ್ಯಾಡಲ್‌ಗಳು ಹಿಂದಕ್ಕೇ ಹೋಗುತ್ತವೆ. ಇಷ್ಟಾದ ಮೇಲೆ ಗುರುತು ಮಾಡಿ, ತಂತಿ ಹಾಯುವ ತೂತುಗಳನ್ನು ಪರಿಚಯದ ಬಡಗಿಯೊಬ್ಬರ ಡ್ರಿಲ್ ಪ್ರೆಸ್‌ನಲ್ಲಿ ಕೊರೆಸಿದೆ. ಕೈ ಡ್ರಿಲ್‌ನಲ್ಲಿ ಕೊರೆದರೆ ಹಿಂಬದಿಯ ಆರು ತೂತು ಒಂದು ಸಾಲಿನಲ್ಲಿ ಬರುವುದು ಕಷ್ಟ.

ಪಿಕಪ್ ಎರಡೂ ಬೇರೆ ಬೇರೆ ಕಡೆಯವು. ಹೀಗಿದ್ದಾಗ ಎರಡನ್ನೂ ಒಟ್ಟಿಗೆ ಹಾಕಿದರೆ ಫೇಸ್ ಕೂಡದೆ, ಅಂದರೆ ಒಂದರ ಅಲೆ ಇನ್ನೊಂದರದ್ದನ್ನು ಕಳೆದು, ದನಿ ತೆಳುವಾಗಿ, ಮೂಗಿನಲ್ಲಿ ಮಾತಾಡಿದ ಹಾಗೆ ಬರಬಹುದು. ಇದನ್ನು ಬೆಸುಗೆ ಹಾಕುವ ಮೊದಲೇ ನೋಡಬಹುದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮುಳ್ಳಿನ ಮಲ್ಟಿಮೀಟರ್ ಸಿಗುತ್ತದೆ. ಪಿಕಪ್‌ಗೆ ಅದನ್ನು ಜೋಡಿಸಿ, ಮೇಲೆ ಕಬ್ಬಿಣದ ಸ್ಕ್ರೂಡ್ರೈವರ್ ಇಟ್ಟು ಪಟ್ಟನೆ ಎತ್ತಿ. ಎರಡೂ ಪಿಕಪ್‌ಗೆ ಮುಳ್ಳು ಒಂದೇ ಕಡೆ ಅಲುಗಿದರೆ ಸರಿ. ನನ್ನದರಲ್ಲಿ ಎದುರುಬದುರು ಅಲುಗಿತು. ನೆಕ್ ಪಿಕಪ್‌ನ ಎರಡು ವೈರ್ ಅದಲುಬದಲು ಮಾಡಿದರೆ ಮುಗಿಯಿತು ಅನ್ನಿಸುತ್ತದೆ, ಆದರೆ ಟೆಲಿಯ ನೆಕ್ ಪಿಕಪ್‌ಗೆ ಲೋಹದ ಮುಚ್ಚಳ ಇದೆ, ಅದು ಗ್ರೌಂಡ್ ವೈರ್‌ಗೆ ಅಂಟಿರುತ್ತದೆ. ಹಾಗೇ ಬದಲಿಸಿದರೆ ಮುಚ್ಚಳವೇ ಹಾಟ್ (ಸಿಗ್ನಲ್) ವೈರ್‌ಗೆ ಸೇರಿ ಗುಂಯ್ ಅನ್ನುತ್ತದೆ. ಆ ಸಣ್ಣ ಕೊಂಡಿ ಕತ್ತರಿಸಿ, ಮುಚ್ಚಳಕ್ಕೆ ಬೇರೆ ಗ್ರೌಂಡ್ ವೈರ್ ಕೊಟ್ಟೆ.

ಉಳಿದ ವೈರಿಂಗ್‌ನಲ್ಲಿ ಗುಟ್ಟೇನಿಲ್ಲ. 250 ಕಿಲೋಓಮ್‌ನ ಎರಡು ಪಾಟ್, ಟೋನ್‌ಗೆ 0.022 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್. ಕೆಪ್ಯಾಸಿಟರ್‌ಗೆ ಸಾವಿರಾರು ರೂಪಾಯಿ ಕೊಡುವವರನ್ನು ಕಂಡರೆ ನನಗೆ ನಗು. ಬೆಸುಗೆ ಕಬ್ಬಿಣ ಮಾತ್ರ 60 ವ್ಯಾಟ್‌ನದ್ದು ಇರಲಿ, 25 ವ್ಯಾಟ್‌ನದ್ದು ಪಾಟ್‌ನ ಬೆನ್ನನ್ನು ಕಾಯಿಸುವುದಿಲ್ಲ. ಗುಂಯ್‌ಗುಡುವಿಕೆ ಪೂರ್ತಿ ಹೋಗುವುದಿಲ್ಲ, ಸಿಂಗಲ್ ಕಾಯಿಲ್ ಪಿಕಪ್ ನಮ್ಮ 50 ಹರ್ಟ್ಸ್ ಕರೆಂಟನ್ನು ಹಿಡಿದೇ ಹಿಡಿಯುತ್ತದೆ. ತಂತಿ ಮುಟ್ಟಿದಾಗ ಕಡಿಮೆಯಾದರೆ ಗ್ರೌಂಡ್ ಸರಿಯಿದೆ. ಮುಟ್ಟಿದಾಗ ಕೈಗೆ ಶಾಕ್ ಹೊಡೆದ ಹಾಗೆ ಜುಂ ಅಂದರೆ ಗಿಟಾರ್ ಬಿಚ್ಚುವ ಮೊದಲು ಮನೆಯ ಪ್ಲಗ್‌ನಲ್ಲಿ ಅರ್ತ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ.

10-46ರ (ದಪ್ಪ, ಇಂಚಿನ ಸಾವಿರದ ಒಂದಂಶದ ಲೆಕ್ಕದಲ್ಲಿ) ತಂತಿ ಹಾಕಿ ಶ್ರುತಿ ಮಾಡಿದರೆ ನೆಕ್ ಮೇಲೆ ಸುಮಾರು 45 ಕೆ.ಜಿ. ಎಳೆತ ಬೀಳುತ್ತದೆ. ಒಂದು ರಾತ್ರಿ ಹಾಗೇ ಬಿಟ್ಟು ಆಮೇಲೆ ನೆಕ್‌ನ ಒಳಗಿದ್ದು ಬಾಗು ಸರಿಮಾಡುವ ಕಂಬಿ, ಟ್ರಸ್ ರಾಡ್, ಮುಟ್ಟಿದೆ. ನೆಕ್‌ನ ಬಾಗು 0.25 ಮಿ.ಮೀ., 17ನೇ ಫ್ರೆಟ್ ಹತ್ತಿರ ತಂತಿಯ ಎತ್ತರ 1.6. ಅಳೆಯಲು ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್‌ಗೆ ಬಳಸುವ ಫೀಲರ್ ಗೇಜ್ ಸಾಕು. ಮಳೆಗಾಲಕ್ಕೆ ಒಮ್ಮೆ, ಬೇಸಿಗೆಗೆ ಒಮ್ಮೆ ರಾಡ್ ಸ್ವಲ್ಪ ತಿರುಗಿಸಬೇಕಾಗುತ್ತದೆ.

ಒಂದು ಕಿರಿಕಿರಿ ಉಳಿದಿದೆ. ಹಳೇ ಬ್ರಿಜ್‌ನಲ್ಲಿ ಆರು ತಂತಿಗೆ ಮೂರೇ ಹಿತ್ತಾಳೆ ಸ್ಯಾಡಲ್. ಡಿ ತಂತಿಗೆ ಸರಿಮಾಡಿದರೆ ಜೊತೆಯ ಜಿ ತಂತಿ ಮೇಲಿನ ಫ್ರೆಟ್‌ಗಳಲ್ಲಿ ಸ್ವಲ್ಪ ಏರುತ್ತದೆ. ಓರೆಯಾಗಿ ಕಡೆದ ಸ್ಯಾಡಲ್‌ಗಳು ಸಿಗುತ್ತವೆ, ಒಂದು ಸೆಟ್ ತರಿಸಿದ್ದೇನೆ. ಕ್ಯಾಲಿಪರ್ ಹಿಡಿದು ನೋಡಿದೆ, ಸ್ಕ್ರೂನ ಥ್ರೆಡ್ ಇಂಚಿನದ್ದೇ. ಈಗಿನ ತಂತಿ ಸವೆದ ಮೇಲೆ ಹಾಕುತ್ತೇನೆ.