ನಕಲಿ ಆಂಟಿವೈರಸ್ ಪರದೆಗೆ ಬಂದಾಗ: ಗುರುತಿಸುವ ಮತ್ತು ತೆಗೆಯುವ ಬಗೆ

ನಕಲಿ ಆಂಟಿವೈರಸ್ ಎಂದರೆ ಇಲ್ಲದ ರೋಗವನ್ನು ಇದೆಯೆಂದು ನಂಬಿಸಿ ಮದ್ದು ಮಾರುವ ತಂತ್ರಾಂಶ. ಅದು ತನ್ನನ್ನು ರಕ್ಷಕನೆಂದು ಪರಿಚಯಿಸಿಕೊಳ್ಳುತ್ತದೆ, ಕಂಪ್ಯೂಟರನ್ನು ತಪಾಸಣೆ ಮಾಡಿದಂತೆ ತೋರಿಸುತ್ತದೆ, ಹತ್ತಾರು ವೈರಸ್‌ಗಳ ಹೆಸರನ್ನು ಕೆಂಪು ಅಕ್ಷರಗಳಲ್ಲಿ ಸಾಲಾಗಿ ಇಳಿಸುತ್ತದೆ. ಕೊನೆಗೆ, ಇವನ್ನೆಲ್ಲ ತೆಗೆಯಬೇಕಾದರೆ ಹಣ ಕೊಟ್ಟು ‘ಪೂರ್ಣ ಆವೃತ್ತಿ’ ಕೊಳ್ಳಿ ಎನ್ನುತ್ತದೆ. ಅದರ ನಿಜವಾದ ಬಲ ನಮ್ಮ ಗಾಬರಿಯಲ್ಲಿದೆ. ನಾವು ಒಂದು ಗುಂಡಿ ಒತ್ತುವವರೆಗೆ, ಒಂದು ಫೈಲ್ ಇಳಿಸಿಕೊಳ್ಳುವವರೆಗೆ, ಒಂದು ನಂಬರಿಗೆ ಫೋನ್ ಮಾಡುವವರೆಗೆ ಅದು ಬಹುಮಟ್ಟಿಗೆ ಬರೀ ಚಿತ್ರವೇ ಆಗಿರುತ್ತದೆ. ಆದ್ದರಿಂದ ಇಂತಹ ಎಚ್ಚರಿಕೆ ಕಂಡ ಕೂಡಲೇ ‘ವೈರಸ್ ತೆಗೆಯುವುದು ಹೇಗೆ’ ಎಂದು ಧಾವಿಸುವ ಮೊದಲು, ‘ಈ ಮಾತನ್ನು ಆಡುತ್ತಿರುವುದು ಯಾವುದು’ ಎಂದು ಕೇಳಿಕೊಳ್ಳಬೇಕು. ಮುಂದಿನ ಎಲ್ಲ ಕ್ರಮಗಳೂ ಆ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿವೆ.

ಇದು ಹೊಸ ಪಿಡುಗಲ್ಲ. ವಿನ್‌ಫಿಕ್ಸರ್, ಆಂಟಿವೈರಸ್ 2009 ಮುಂತಾದ ಹೆಸರುಗಳಲ್ಲಿ ಇದು ವರ್ಷಗಟ್ಟಲೆ ಹರಡಿತ್ತು. ಇಂತಹ ತಂತ್ರಾಂಶಗಳನ್ನು ಮಾರುತ್ತಿದ್ದ ಒಂದು ಜಾಲದ ವಿರುದ್ಧ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2008ರ ಡಿಸೆಂಬರ್‌ನಲ್ಲಿ ನ್ಯಾಯಾಲಯಕ್ಕೆ ಹೋದಾಗ, ಮೋಸಹೋದ ಗ್ರಾಹಕರ ಸಂಖ್ಯೆ 10 ಲಕ್ಷಕ್ಕೂ ಹೆಚ್ಚು ಎಂದು ಅದು ಹೇಳಿತ್ತು; 2012ರಲ್ಲಿ ಅದೇ ಪ್ರಕರಣದಲ್ಲಿ 16.3 ಕೋಟಿ ಡಾಲರ್ ತೆರಬೇಕೆಂಬ ತೀರ್ಪು ಬಂತು. ಮ್ಯಾಕ್ ಬಳಸುವವರಿಗೆ ಈ ಕಾಟವಿಲ್ಲ ಎಂಬ ನಂಬಿಕೆಯನ್ನು 2011ರ ಮೇ ತಿಂಗಳಲ್ಲಿ ಮ್ಯಾಕ್ ಡಿಫೆಂಡರ್ ಎಂಬ ನಕಲಿ ತಂತ್ರಾಂಶ ಮುರಿಯಿತು. ಅದನ್ನು ತೆಗೆದುಹಾಕಲೆಂದೇ ಆಪಲ್ ಕಂಪನಿ ಆ ತಿಂಗಳ ಕೊನೆಯಲ್ಲಿ ಭದ್ರತಾ ಅಪ್‌ಡೇಟ್ ಹೊರಡಿಸಬೇಕಾಯಿತು. ಹೆಸರುಗಳು ಬದಲಾಗುತ್ತಲೇ ಇರುವುದರಿಂದ ಹೆಸರುಗಳ ಪಟ್ಟಿಯನ್ನು ನೆನಪಿಟ್ಟುಕೊಂಡು ಪ್ರಯೋಜನವಿಲ್ಲ. ಅದು ಕಾಣಿಸಿಕೊಳ್ಳುವ ರೂಪಗಳನ್ನು ತಿಳಿದಿದ್ದರೆ ಸಾಕು. ಅವು ಮೂರು: ಬ್ರೌಸರ್‌ನಲ್ಲಿ ತೆರೆದ ಪುಟ, ಬ್ರೌಸರ್ ಮೂಲಕ ಬರುವ ನೋಟಿಫಿಕೇಶನ್, ಮತ್ತು ಕಂಪ್ಯೂಟರ್‌ನಲ್ಲಿ ನಿಜಕ್ಕೂ ಇನ್‌ಸ್ಟಾಲ್ ಆಗಿ ಕುಳಿತಿರುವ ಪ್ರೋಗ್ರಾಂ.

ಅದು ಬರೀ ಪುಟವಾಗಿದ್ದರೆ

ಯಾವುದೋ ಲಿಂಕ್ ಅಥವಾ ಜಾಹೀರಾತಿನಿಂದ ತೆರೆದುಕೊಂಡ ಪುಟವು ಪರದೆಯನ್ನೆಲ್ಲ ಆವರಿಸಿ, ಸೈರನ್ ಕೂಗಿಸಿ, ತಪಾಸಣೆ ನಡೆಯುತ್ತಿರುವಂತೆ ಪಟ್ಟಿಯನ್ನು ಓಡಿಸುತ್ತದೆ. ಆ ತಪಾಸಣೆ ಅಪ್ಪಟ ಅಭಿನಯ, ಏಕೆಂದರೆ ಬ್ರೌಸರ್‌ನ ಒಂದು ಪುಟಕ್ಕೆ ನಮ್ಮ ಹಾರ್ಡ್ ಡಿಸ್ಕ್‌ನಲ್ಲಿರುವ ಫೈಲ್‌ಗಳನ್ನು ತಾನಾಗಿ ತೆರೆದು ಓದುವ ಅವಕಾಶವೇ ಇಲ್ಲ. ಸ್ವಲ್ಪ ತಾಳ್ಮೆಯಿಂದ ನೋಡಿದರೆ ಇದು ಕಣ್ಣಿಗೇ ಬೀಳುತ್ತದೆ: ಮ್ಯಾಕ್ ಅಥವಾ ಲಿನಕ್ಸ್ ಕಂಪ್ಯೂಟರ್‌ನಲ್ಲೂ ಅದು ‘ಸಿ ಡ್ರೈವ್’ ತಪಾಸಣೆ ಮಾಡುತ್ತಿರುತ್ತದೆ, ಲಕ್ಷಾಂತರ ಫೈಲ್‌ಗಳನ್ನು ಹತ್ತೇ ಸೆಕೆಂಡಿನಲ್ಲಿ ಮುಗಿಸುತ್ತದೆ, ಪುಟವನ್ನು ಮತ್ತೊಮ್ಮೆ ತೆರೆದರೆ ಅದೇ ಸಂಖ್ಯೆಯ ವೈರಸ್‌ಗಳು ಅದೇ ಕ್ರಮದಲ್ಲಿ ಸಿಗುತ್ತವೆ. ಪರದೆಯ ಮೇಲೆ ಸಹಾಯವಾಣಿಯ ಫೋನ್ ನಂಬರ್ ಇದ್ದರಂತೂ ಅನುಮಾನಕ್ಕೆ ಎಡೆಯೇ ಇಲ್ಲ. ತನ್ನ ನಿಜವಾದ ದೋಷ ಸಂದೇಶಗಳಲ್ಲಿ ಫೋನ್ ನಂಬರ್ ಎಂದೂ ಇರುವುದಿಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ.

ಇಲ್ಲಿ ಮಾಡಬೇಕಾದದ್ದು ಪುಟದೊಳಗಿನ ಯಾವ ಗುಂಡಿಯನ್ನೂ ಮುಟ್ಟದೆ ಹೊರಬರುವುದು. ‘ರದ್ದುಮಾಡಿ’ ಎಂಬ ಗುಂಡಿಯಾಗಲಿ, ಮೂಲೆಯ ಗುಣಾಕಾರ ಚಿಹ್ನೆಯಾಗಲಿ ಪುಟದ ಭಾಗವಾಗಿಯೇ ಬರೆದ ಚಿತ್ರವಾಗಿರಬಹುದು. ಯಾವುದನ್ನು ಒತ್ತಿದರೂ ಫೈಲ್ ಇಳಿಯುವಂತೆ ಅದನ್ನು ಹೆಣೆದಿರಬಹುದು. ಪರದೆ ಪೂರ್ತಿ ಆವರಿಸಿಕೊಂಡಿದ್ದರೆ ಎಸ್ಕೇಪ್ ಕೀಲಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಆಗ ಬ್ರೌಸರ್‌ನ ನಿಜವಾದ ಮೇಲಂಚು ಮತ್ತೆ ಕಾಣಿಸುತ್ತದೆ, ಆ ಟ್ಯಾಬನ್ನು ಮುಚ್ಚಬಹುದು. ಜಗ್ಗದಿದ್ದರೆ ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರ್ ಅನ್ನು ಅಲ್ಲಿಂದಲೇ ಕೊನೆಗೊಳಿಸಬೇಕು. ಮ್ಯಾಕ್‌ನಲ್ಲಿ ಆಪ್ಷನ್, ಕಮ್ಯಾಂಡ್, ಎಸ್ಕೇಪ್ ಒತ್ತಿ ಫೋರ್ಸ್ ಕ್ವಿಟ್ ಮಾಡಬೇಕು. ಮತ್ತೆ ಬ್ರೌಸರ್ ತೆರೆದಾಗ ‘ಹಿಂದಿನ ಪುಟಗಳನ್ನು ಮರಳಿ ತೆರೆಯಲೇ’ ಎಂದು ಅದು ಕೇಳಿದರೆ ಬೇಡವೆನ್ನಿ, ಇಲ್ಲದಿದ್ದರೆ ಬಿಟ್ಟುಬಂದ ಪುಟವೇ ಎದುರು ಬಂದು ನಿಲ್ಲುತ್ತದೆ. ಬಳಿಕ ಡೌನ್‌ಲೋಡ್ಸ್ ಫೋಲ್ಡರ್ ನೋಡಿ, ನೀವು ಕೇಳದೆಯೇ ಇಳಿದ ಫೈಲ್ ಇದ್ದರೆ ತೆರೆಯದೆ ಅಳಿಸಿಬಿಡಿ.

ಅದು ನೋಟಿಫಿಕೇಶನ್ ಆಗಿದ್ದರೆ

ಈಚಿನ ವರ್ಷಗಳಲ್ಲಿ ಮನೆಗಳಲ್ಲಿ ನಾನು ಅತಿ ಹೆಚ್ಚು ಕಂಡಿರುವುದು ಈ ಬಗೆಯನ್ನು. ನಮ್ಮ ಚಿಕ್ಕಮ್ಮನ ಲ್ಯಾಪ್‌ಟಾಪ್‌ನಲ್ಲಿ ಪರದೆಯ ಬಲಗಡೆಯ ಕೆಳಮೂಲೆಯಿಂದ ಎರಡು ನಿಮಿಷಕ್ಕೊಂದು ಚೌಕ ಮೇಲೇಳುತ್ತಿತ್ತು. ಅದರಲ್ಲಿ ಹೆಸರಾಂತ ಆಂಟಿವೈರಸ್ ಒಂದರ ಲಾಂಛನವಿತ್ತು, ‘ನಿಮ್ಮ ರಕ್ಷಣೆಯ ಅವಧಿ ಇಂದು ಮುಗಿದಿದೆ’ ಎಂಬ ಸಾಲಿತ್ತು, ನವೀಕರಿಸಲು ಗುಂಡಿಯೂ ಇತ್ತು. ಅವರು ವಾರದಿಂದ ಕಾರ್ಡ್ ಕೈಯಲ್ಲಿ ಹಿಡಿದು ಯೋಚಿಸುತ್ತಿದ್ದರು. ಪಕ್ಕದಲ್ಲಿ ಕುಳಿತು ಆ ಚೌಕವನ್ನು ಹತ್ತಿರದಿಂದ ನೋಡಿದಾಗ, ಲಾಂಛನದ ಹತ್ತಿರ ಬೂದುಬಣ್ಣದ ಸಣ್ಣ ಅಕ್ಷರಗಳಲ್ಲಿ ಬ್ರೌಸರ್‌ನ ಹೆಸರು, ಅದರ ಮಗ್ಗುಲಲ್ಲೇ ಅರ್ಥವಿಲ್ಲದ ಅಕ್ಷರಗಳನ್ನು ಜೋಡಿಸಿದ ಒಂದು ಜಾಲತಾಣದ ವಿಳಾಸ ಕಾಣಿಸಿತು. ಹಿಂದೆಂದೋ ಒಂದು ತಾಣವು ‘ನೀವು ರೋಬಾಟ್ ಅಲ್ಲವೆಂದು ಖಚಿತಪಡಿಸಲು ಅನುಮತಿಸಿ ಎಂಬುದನ್ನು ಒತ್ತಿ’ ಎಂದಿತ್ತು, ಅವರು ಒತ್ತಿದ್ದರು. ಅವರು ಅಂದು ಕೊಟ್ಟದ್ದು ನೋಟಿಫಿಕೇಶನ್ ಕಳುಹಿಸುವ ಅನುಮತಿ. ಅದು ಬಿಟ್ಟರೆ ಕಂಪ್ಯೂಟರ್‌ಗೆ ಏನೂ ಆಗಿರಲಿಲ್ಲ.

ಇದರ ಪರಿಹಾರಕ್ಕೆ ಎರಡು ನಿಮಿಷ ಸಾಕು. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್ ತೆರೆದು, ಪ್ರೈವಸಿ ಅಂಡ್ ಸೆಕ್ಯುರಿಟಿ ಎಂಬಲ್ಲಿಂದ ಸೈಟ್ ಸೆಟ್ಟಿಂಗ್ಸ್‌ಗೂ, ಅಲ್ಲಿಂದ ನೋಟಿಫಿಕೇಶನ್ಸ್‌ಗೂ ಹೋದರೆ ಅನುಮತಿ ಪಡೆದ ತಾಣಗಳೆಲ್ಲ ಸಾಲಾಗಿ ಕಾಣುತ್ತವೆ. ಗುರುತಿಲ್ಲದ ಪ್ರತಿಯೊಂದನ್ನೂ ತೆಗೆದುಹಾಕಿ ಅಥವಾ ಬ್ಲಾಕ್ ಮಾಡಿ. ಎಡ್ಜ್ ಮತ್ತು ಫೈರ್‌ಫಾಕ್ಸ್‌ನಲ್ಲೂ ಅನುಮತಿಗಳ ವಿಭಾಗದಲ್ಲಿ ಇದೇ ಪಟ್ಟಿ ಇರುತ್ತದೆ. ತಾಣಗಳು ಇನ್ನು ಮುಂದೆ ಈ ಅನುಮತಿಯನ್ನು ಕೇಳಲೇಬಾರದು ಎಂಬ ಆಯ್ಕೆಯೂ ಅಲ್ಲೇ ಇದೆ. ಹಿರಿಯರು ಬಳಸುವ ಕಂಪ್ಯೂಟರ್‌ನಲ್ಲಿ ಅದನ್ನು ಆರಿಸಿಬಿಡುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಹಾಗೆಯೇ ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳಾದ ಎಕ್ಸ್‌ಟೆನ್ಷನ್‌ಗಳ ಪಟ್ಟಿಯನ್ನೂ ಒಮ್ಮೆ ನೋಡಿ, ನೀವು ಹಾಕಿಕೊಂಡಿಲ್ಲದವನ್ನು ಕಿತ್ತುಹಾಕಿ.

ಅದು ಒಳಗೇ ಕುಳಿತಿದ್ದರೆ

ಬ್ರೌಸರ್ ಮುಚ್ಚಿ ಕಂಪ್ಯೂಟರನ್ನು ಮತ್ತೆ ಆರಂಭಿಸಿದ ಮೇಲೂ ಅದೇ ಕಿಟಕಿ ತಾನಾಗಿ ತೆರೆದುಕೊಂಡರೆ, ಅಥವಾ ಯಾವ ಪ್ರೋಗ್ರಾಂ ತೆರೆಯಲು ಹೋದರೂ ‘ಈ ಫೈಲಿಗೆ ಸೋಂಕು ತಗಲಿದೆ’ ಎಂಬ ಸಂದೇಶ ಅಡ್ಡಬಂದರೆ, ಅದು ಇನ್‌ಸ್ಟಾಲ್ ಆಗಿದೆಯೆಂದು ತಿಳಿಯಬೇಕು. ಕೆಲಸ ಕಷ್ಟವಾಗುವುದು ಇಲ್ಲಿ. ಇಂತಹ ಪ್ರೋಗ್ರಾಂಗಳು ತಮ್ಮನ್ನು ಉಳಿಸಿಕೊಳ್ಳಲು ಟಾಸ್ಕ್ ಮ್ಯಾನೇಜರನ್ನು ತಡೆಯುತ್ತವೆ, ಇಎಕ್ಸ್‌ಇ ಫೈಲ್‌ಗಳು (ಪ್ರೋಗ್ರಾಂಗಳನ್ನು ಓಡಿಸುವ ಫೈಲ್‌ಗಳು) ತೆರೆಯುವ ಕ್ರಮವನ್ನೇ ವಿಂಡೋಸ್‌ನ ಸೆಟ್ಟಿಂಗ್‌ಗಳ ಭಂಡಾರವಾದ ರಿಜಿಸ್ಟ್ರಿಯಲ್ಲಿ ತಿರುಚುತ್ತವೆ, ಇಂಟರ್ನೆಟ್ ಸಂಪರ್ಕದ ನಡುವೆ ಮಧ್ಯವರ್ತಿಯಂತಿರುವ ಪ್ರಾಕ್ಸಿಯ ಸೆಟ್ಟಿಂಗ್ ಬದಲಿಸಿ ನಿಜವಾದ ಆಂಟಿವೈರಸ್ ಕಂಪನಿಗಳ ತಾಣಗಳಿಗೆ ಹೋಗದಂತೆ ಮಾಡುತ್ತವೆ.

ಮೊದಲು ಇಂಟರ್ನೆಟ್ ಸಂಪರ್ಕ ಕಡಿಯಿರಿ. ಕೇಬಲ್ ಕಿತ್ತರೂ ಆಯಿತು, ವೈಫೈ ಆಫ್ ಮಾಡಿದರೂ ಆಯಿತು. ಪರದೆಯ ಮೇಲಿನ ಹೆಸರನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಆ ಹೆಸರನ್ನು ಹಿಡಿದು ಪರಿಹಾರ ಹುಡುಕುವಾಗ ಮಾತ್ರ ಎಚ್ಚರವಿರಲಿ, ಏಕೆಂದರೆ ‘ಇದನ್ನು ತೆಗೆಯುವುದು ಹೇಗೆ’ ಎಂದು ಹುಡುಕುವವರಿಗಾಗಿಯೇ ಇನ್ನೊಂದು ನಕಲಿ ತಂತ್ರಾಂಶದ ಜಾಹೀರಾತನ್ನು ಹುಡುಕಾಟದ ಫಲಿತಾಂಶಗಳ ಮೇಲ್ತುದಿಯಲ್ಲಿ ಇರಿಸುವುದುಂಟು. ಬೇಕಾದ ಸಾಧನವನ್ನು ಸೋಂಕಿಲ್ಲದ ಬೇರೆ ಕಂಪ್ಯೂಟರ್‌ನಲ್ಲಿ, ತಯಾರಕರ ವಿಳಾಸವನ್ನು ನೀವೇ ಟೈಪ್ ಮಾಡಿ, ಅವರ ಸ್ವಂತ ತಾಣದಿಂದಲೇ ಇಳಿಸಿಕೊಂಡು ಪೆನ್ ಡ್ರೈವ್‌ನಲ್ಲಿ ತರುವುದು ಕ್ಷೇಮ.

ವಿಂಡೋಸ್ 10 ಮತ್ತು 11ರಲ್ಲಿ ಮೊದಲು ಪ್ರಯತ್ನಿಸಬೇಕಾದ ಅಸ್ತ್ರ ಕಂಪ್ಯೂಟರ್‌ನಲ್ಲೇ ಇದೆ. ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್ ವಿಭಾಗದ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಆರಿಸಿ. ತೆರೆದಿರುವ ಕೆಲಸವನ್ನು ಮೊದಲೇ ಉಳಿಸಿಕೊಳ್ಳಿ, ಏಕೆಂದರೆ ಕಂಪ್ಯೂಟರ್ ಮರು ಆರಂಭವಾಗಿ ಸುಮಾರು 15 ನಿಮಿಷ ತಪಾಸಣೆಯಲ್ಲೇ ಇರುತ್ತದೆ. ಇದು ಉಳಿದ ತಪಾಸಣೆಗಳಿಗಿಂತ ಮೇಲು ಏಕೆಂದರೆ, ಇದು ನಡೆಯುವಾಗ ವಿಂಡೋಸ್ ತಾನೇ ಓಡುತ್ತಿರುವುದಿಲ್ಲ. ಆದ್ದರಿಂದ ವಿಂಡೋಸ್ ಜೊತೆಗೆ ಎದ್ದು ಬರುವ ನಕಲಿಗೂ ಎದ್ದು ತಡೆಯುವ ಅವಕಾಶ ಸಿಗುವುದಿಲ್ಲ.

ಆ ಗುಂಡಿಯನ್ನು ತಲುಪಲೂ ಬಿಡದಿದ್ದರೆ ಸೇಫ್ ಮೋಡ್‌ಗೆ ಹೋಗಬೇಕು. ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ರೀಸ್ಟಾರ್ಟ್ ಆರಿಸಿ. ಲಾಗಿನ್ ಪರದೆಯಲ್ಲಿರುವ ಪವರ್ ಗುಂಡಿಯಿಂದಲೂ ಇದನ್ನು ಮಾಡಬಹುದು. ಬಳಿಕ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಎಂಬ ಹಾದಿಯಲ್ಲಿ ಹೋಗಿ ಮತ್ತೆ ರೀಸ್ಟಾರ್ಟ್ ಮಾಡಿ, 4ನ್ನು ಒತ್ತಿದರೆ ಸಾದಾ ಸೇಫ್ ಮೋಡ್, 5ನ್ನು ಒತ್ತಿದರೆ ಇಂಟರ್ನೆಟ್ ಸಹಿತ ಸೇಫ್ ಮೋಡ್ ತೆರೆಯುತ್ತದೆ. ಡಿಸ್ಕ್‌ಗೆ ಬಿಟ್‌ಲಾಕರ್ ಎಂಬ ವಿಂಡೋಸ್‌ನ ಗೂಢಲಿಪಿ ಬೀಗ ಹಾಕಿದ್ದರೆ ನಡುವೆ ರಿಕವರಿ ಕೀ ಕೇಳಬಹುದು, ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ಅತ್ಯಗತ್ಯವಾದವಷ್ಟೇ ಏಳುವ ಈ ಸ್ಥಿತಿಯಲ್ಲಿ ನಕಲಿ ಪ್ರೋಗ್ರಾಂ ಸಾಮಾನ್ಯವಾಗಿ ಮಲಗಿಯೇ ಇರುತ್ತದೆ. ಪೆನ್ ಡ್ರೈವ್‌ನಲ್ಲಿ ತಂದ ಮಾಲ್‌ವೇರ್‌ಬೈಟ್ಸ್ ಅಥವಾ ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಎಂಬ ತಪಾಸಣಾ ಸಾಧನವನ್ನು ಈಗ ಓಡಿಸಿ. ಇವುಗಳಲ್ಲಿ ಎರಡನೆಯದು ಇಳಿಸಿಕೊಂಡ 10 ದಿನಗಳಲ್ಲಿ ನಿರುಪಯುಕ್ತವಾಗುವುದರಿಂದ ಹಳೆಯ ಪ್ರತಿಯನ್ನು ನೆಚ್ಚಿಕೊಳ್ಳಬಾರದು. ಸಾಧನದ ಹೆಸರನ್ನು ಗುರುತಿಸಿಯೇ ತಡೆಯುವ ನಕಲಿಗಳೂ ಇವೆ. ಅಂತಹ ಸಂದರ್ಭದಲ್ಲಿ ಆ ಫೈಲಿನ ಹೆಸರನ್ನು ಬದಲಿಸಿ, ಎಕ್ಸ್‌ಪ್ಲೋರರ್ ಎಂದೋ ಇನ್ನೇನೋ ಇಟ್ಟು ತೆರೆದರೆ ಎಷ್ಟೋ ಸಲ ಕೆಲಸವಾಗುತ್ತದೆ. ಬೇರೊಂದು ಯೂಸರ್ ಅಕೌಂಟ್‌ನಿಂದ ಲಾಗಿನ್ ಆಗುವುದೂ ಒಂದು ದಾರಿ. ಮ್ಯಾಕ್‌ನಲ್ಲಾದರೆ ಆಕ್ಟಿವಿಟಿ ಮಾನಿಟರ್‌ನಲ್ಲಿ ಪ್ರೋಗ್ರಾಂ ನಿಲ್ಲಿಸಿ, ಲಾಗಿನ್ ಐಟಮ್ಸ್‌ನಿಂದ ಹೆಸರು ತೆಗೆದು, ಅಪ್ಲಿಕೇಶನ್ಸ್ ಫೋಲ್ಡರ್‌ನಿಂದ ಅದನ್ನು ಕಸದ ಬುಟ್ಟಿಗೆ ಹಾಕಬೇಕು.

ಒಂದು ಉಪಜಾತಿಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಅದರ ವಿಷಯದಲ್ಲಿ ಅವಸರದ ಶುಚಿಕಾರ್ಯವೇ ನಷ್ಟಕ್ಕೆ ಕಾರಣವಾಗುತ್ತದೆ. ‘ಹಾರ್ಡ್ ಡಿಸ್ಕ್ ಕೆಟ್ಟಿದೆ’ ಎಂದು ಹೆದರಿಸುವ ಇವು, ನಂಬಿಕೆ ಬರಲೆಂದು ಎಲ್ಲ ಫೈಲ್‌ಗಳಿಗೂ ‘ಹಿಡನ್’ ಗುರುತು ಹಾಕಿ ಫೋಲ್ಡರ್‌ಗಳು ಬರಿದಾದಂತೆ ತೋರಿಸುತ್ತವೆ. 2011ರ ಸುಮಾರಿನಲ್ಲಿ ಹರಡಿದ್ದ ಇಂತಹವು ಸ್ಟಾರ್ಟ್ ಮೆನುವಿನ ಶಾರ್ಟ್‌ಕಟ್‌ಗಳನ್ನು, ತಾತ್ಕಾಲಿಕ ಫೈಲ್‌ಗಳಿರುವ ಟೆಂಪ್ ಫೋಲ್ಡರ್‌ನೊಳಗೆ ‘ಎಸ್‌ಎಂಟಿಎಂಪಿ’ ಎಂಬ ಫೋಲ್ಡರ್ ಮಾಡಿ ಅಲ್ಲಿ ಬಚ್ಚಿಡುತ್ತಿದ್ದವು. ಆಗ ಯಾರಾದರೂ ಟೆಂಪ್ ಫೈಲ್‌ಗಳನ್ನು ಗುಡಿಸಿ ಹಾಕಿದರೆ ಬಚ್ಚಿಟ್ಟದ್ದೂ ಅವುಗಳ ಜೊತೆಗೇ ಹೋಗುತ್ತಿತ್ತು. ಫೋಟೋಗಳು ಕಾಣೆಯಾದವೆಂದು ಎದೆಗುಂದಬೇಡಿ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಆಯ್ಕೆ ಮಾಡಿ ನೋಡಿ. ಅವು ಮಸುಕಾಗಿ ಕಾಣಿಸಿದರೆ ಇದ್ದಲ್ಲೇ ಇವೆ ಎಂದರ್ಥ. ಅವು ಮರಳುವವರೆಗೆ ಯಾವ ಕ್ಲೀನರ್ ತಂತ್ರಾಂಶವನ್ನೂ ಓಡಿಸಬೇಡಿ.

ತಪಾಸಣೆ ಮುಗಿದ ಮೇಲೆ, ನಕಲಿ ಬಿಟ್ಟುಹೋದ ತಿರುಚುಗಳನ್ನು ಕೈಯಾರೆ ಸರಿಪಡಿಸಬೇಕು. ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ನೀವು ಹಾಕದ ಪ್ರಾಕ್ಸಿ ಇದ್ದರೆ ತೆಗೆಯಿರಿ. ‘ವೈರಸ್ ಹೋಯಿತು, ಆದರೆ ಇಂಟರ್ನೆಟ್ ಬರುತ್ತಿಲ್ಲ’ ಎನ್ನುವವರ ತೊಂದರೆ ಅನೇಕ ಸಲ ಇಷ್ಟೇ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯನ್ನೂ, ಡಿಫೆಂಡರ್‌ನಲ್ಲಿ ತಪಾಸಣೆಯಿಂದ ಹೊರಗಿಟ್ಟ ಫೋಲ್ಡರ್‌ಗಳ ಪಟ್ಟಿಯನ್ನೂ ನೋಡಿ. ಎರಡು ಬೇರೆ ಬೇರೆ ಸಾಧನಗಳು ಶುದ್ಧವೆಂದ ಮೇಲೂ ಕಿಟಕಿ ಮತ್ತೆ ತಲೆಯೆತ್ತಿದರೆ, ಹಠ ಹಿಡಿದು ಬೇಟೆಯಾಡುವುದಕ್ಕಿಂತ ಫೋಟೋ, ದಾಖಲೆಗಳನ್ನಷ್ಟೇ ನಕಲು ಮಾಡಿಕೊಂಡು ವಿಂಡೋಸ್ ಅನ್ನು ಹೊಸದಾಗಿ ಹಾಕುವುದು ಮೇಲು. ಪ್ರೋಗ್ರಾಂ ಫೈಲ್‌ಗಳನ್ನು ಹಳೆಯದರಿಂದ ತರಬೇಡಿ.

ಹಣ ಕೊಟ್ಟಾಗಿದ್ದರೆ, ಫೋನ್ ಮಾಡಿದ್ದರೆ

ನಾಚಿಕೆಪಟ್ಟು ಮುಚ್ಚಿಡುವ ಒಂದೊಂದು ಗಂಟೆಯೂ ಮೋಸಗಾರರಿಗೆ ಲಾಭ. ಬ್ಯಾಂಕಿಗೆ ತಕ್ಷಣ, ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುವ ನಂಬರಿಗೇ ಫೋನ್ ಮಾಡಿ ಕಾರ್ಡನ್ನು ತಡೆಹಿಡಿಸಿ, ಆ ಪಾವತಿ ವಂಚನೆಯದೆಂದು ಲಿಖಿತ ದೂರು ಕೊಡಿ. ಕೊಂಡದ್ದನ್ನು ರದ್ದುಪಡಿಸುತ್ತೇವೆ ಎನ್ನುವ ನಕಲಿ ಕಂಪನಿಯ ಜೊತೆ ಪತ್ರವ್ಯವಹಾರ ಬೇಡ. ಅವರ ಮಾತಿನಂತೆ ಎನಿಡೆಸ್ಕ್, ಟೀಮ್‌ವ್ಯೂವರ್ ಮುಂತಾದ, ದೂರದಿಂದಲೇ ಕಂಪ್ಯೂಟರ್ ನಡೆಸಲು ಬಿಡುವ ತಂತ್ರಾಂಶವನ್ನು ಹಾಕಿ ಕಂಪ್ಯೂಟರ್‌ನ ಹಿಡಿತ ಬಿಟ್ಟುಕೊಟ್ಟಿದ್ದರೆ ಸಂಪರ್ಕ ಕಡಿದು ಅದನ್ನು ತೆಗೆದುಹಾಕಿ, ಬೇರೆ ಸಾಧನದಿಂದ ಮೊದಲು ಇಮೇಲ್‌ನ, ಆಮೇಲೆ ಬ್ಯಾಂಕಿನ ಪಾಸ್‌ವರ್ಡ್‌ಗಳನ್ನು ಬದಲಿಸಿ. ಇಮೇಲ್ ಮೊದಲೇಕೆಂದರೆ, ಉಳಿದ ಖಾತೆಗಳ ಪಾಸ್‌ವರ್ಡ್ ಮರುಹೊಂದಿಸುವ ಕೊಂಡಿಗಳೆಲ್ಲ ಬಂದು ಬೀಳುವುದು ಅಲ್ಲಿಗೇ. ಅಪರಿಚಿತರು ಒಳಗೆ ಬಂದು ಹೋದ ಕಂಪ್ಯೂಟರನ್ನು ಬರೀ ತಪಾಸಣೆ ಮಾಡಿ ನಂಬುವುದಕ್ಕೆ ನನಗೆ ಮನಸ್ಸಾಗುವುದಿಲ್ಲ, ಹೊಸದಾಗಿ ವಿಂಡೋಸ್ ಹಾಕುವುದನ್ನೇ ನಾನು ಹೇಳುತ್ತೇನೆ.

ಕೆಲವು ವಾರಗಳ ನಂತರ ‘ನಮ್ಮ ಕಂಪನಿ ಮುಚ್ಚುತ್ತಿದೆ, ನಿಮ್ಮ ಹಣ ಮರಳಿಸುತ್ತೇವೆ’ ಎಂಬ ಕರೆ ಬರಬಹುದು. ಒಮ್ಮೆ ಹಣ ಕೊಟ್ಟವರ ಹೆಸರು ಅವರ ಪಟ್ಟಿಯಲ್ಲಿ ಉಳಿದಿರುತ್ತದೆ, ಮರುಪಾವತಿಯ ನೆಪದಲ್ಲಿ ನಿಮ್ಮ ಬ್ಯಾಂಕ್ ಖಾತೆಗೆ ಲಾಗಿನ್ ಮಾಡಿಸಿ ಎರಡನೆಯ ಸಲ ದೋಚುವುದು ಅವರ ಉದ್ದೇಶ. ಅಂತಹ ಕರೆಯನ್ನು ಮಾತಿಗೆ ಮಾತು ಬೆಳೆಸದೆ ಕಡಿದುಹಾಕಿ, ಬಂದ ನಂಬರನ್ನೂ ಸಮಯವನ್ನೂ ಬರೆದಿಟ್ಟು ನೀವು ಈಗಾಗಲೇ ಕೊಟ್ಟಿರುವ ದೂರಿಗೆ ಸೇರಿಸಿ.