ಪಾದರಸ ಬಿಟ್ಟು ತಾಮ್ರ ಭಸ್ಮ: ನನ್ನ ಅನುಭವ

ಪಾದರಸ ಹಾಕದೆ, ಬರೀ ಗಂಧಕದ ಮಾರಣದಲ್ಲಿ, ಎಂದರೆ ಗಂಧಕದ ಜೊತೆ ಸುಟ್ಟು ಪುಡಿ ಮಾಡುವುದರಲ್ಲಿ, ತಾಮ್ರ ಭಸ್ಮ ಎಂಬ ಆಯುರ್ವೇದ ಔಷಧಿ ಆಗುತ್ತದೆ. ಮೊಸರಿಗೆ ಹಾಕಿದರೆ ಹಸಿರು ಬಿಡಬಾರದು ಎಂಬ ಮೊಸರಿನ ಪರೀಕ್ಷೆಯಲ್ಲೂ ಗೆಲ್ಲುತ್ತದೆ. ಅದೃಷ್ಟಕ್ಕೆ ಒಂದು ಸಲ ಬಂದದ್ದಲ್ಲ, ಈಗ ಬ್ಯಾಚಿನ ಮೇಲೆ ಬ್ಯಾಚು ಹಾಗೇ ಬರುತ್ತಿದೆ. ಆಗೋದಿಲ್ಲ ಎಂದವರು ಬಹಳ ಜನ. ಕಾಲೇಜಿನಲ್ಲಿ ರಸಶಾಸ್ತ್ರ (ಲೋಹ, ಖನಿಜಗಳ ಔಷಧಿ ಶಾಸ್ತ್ರ) ಕಲಿಸುವ ಗೆಳೆಯರು ಹೇಳಿದರು, ಮನೆತನದಿಂದ ವೈದ್ಯ ಮಾಡಿಕೊಂಡು ಬಂದ ಹಿರಿಯರೂ ಹೇಳಿದರು. 'ಗಂಧಕದ ಮಾರಣ, ಅದೂ ತಾಮ್ರಕ್ಕೆ? ಸುಮ್ನೆ ದುಡ್ಡು ಸುಡಬೇಡಿ ಮಾರಾಯ್ರೆ' ಎಂದರು. ದುಡ್ಡು ಸುಟ್ಟದ್ದು ನಿಜ. ಭಸ್ಮ ಆದದ್ದೂ ನಿಜ.

ಇದನ್ನು ಪುಟ ಹಾಕಿ, ಎಂದರೆ ಔಷಧಿಯನ್ನು ಮುಚ್ಚಿದ ಪಾತ್ರೆಯಲ್ಲಿಟ್ಟು ಸುಟ್ಟು, ಅಭ್ಯಾಸ ಇರುವವರಿಗಾಗಿ ಬರೆಯುತ್ತಿದ್ದೇನೆ. ಶೋಧನ (ಲೋಹವನ್ನು ಶುದ್ಧ ಮಾಡುವುದು) ಹೇಗೆ, ಶರಾವ (ಸುಡಲು ಇಡುವ ಮಣ್ಣಿನ ತಟ್ಟೆಗಳು) ಹೇಗೆ ಮುಚ್ಚಬೇಕು ಎಂದೆಲ್ಲ ವಿವರಿಸುತ್ತಾ ಕೂರುವುದಿಲ್ಲ. ಬೇರೆಯವರು ಯಾರಾದರೂ ಓದುತ್ತಿದ್ದರೆ ಒಂದೇ ಮಾತು: ಇದು ಮನೆಯಲ್ಲಿ ಮಾಡಿ ತಿನ್ನುವ ಪದಾರ್ಥ ಅಲ್ಲ. ವಿಷಕ್ಕೆ ಒಂದೇ ದೋಷ, ತಾಮ್ರಕ್ಕೆ ಎಂಟು ಎಂದು ನಮ್ಮ ಹಿಂದಿನವರು ಹೇಳಿದ್ದು ಹೆದರಿಸೋಕೆ ಅಲ್ಲ.

ಪಾದರಸ ಯಾಕೆ ಬಿಟ್ಟೆ ಎಂದರೆ, ನಮ್ಮ ಲೆಕ್ಕದಲ್ಲಿ ಪಾದರಸದ ಜೊತೆ ಮಾರಣ ಶ್ರೇಷ್ಠ, ಮೂಲಿಕೆಯಲ್ಲಿ ಮಧ್ಯಮ, ಗಂಧಕದಲ್ಲಿ ಕನಿಷ್ಠ ಎಂಬುದು ನನಗೂ ಗೊತ್ತು. ಆದರೆ ಅಮೆರಿಕದ ಬಾಸ್ಟನ್ ಸುತ್ತಮುತ್ತಲಿನ ಅಂಗಡಿಗಳಿಂದ 70 ಆಯುರ್ವೇದ ಔಷಧಿ ತಂದು ಪರೀಕ್ಷೆ ಮಾಡಿ 2004ರಲ್ಲಿ ಪ್ರಕಟಿಸಿದರು. ಅದರಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಆ ಸುದ್ದಿ ನಮ್ಮ ಮಲೆನಾಡಿನ ಮೂಲೆಯ ಚಿಕಿತ್ಸಾಲಯಕ್ಕೂ ಬಂದು ಮುಟ್ಟಿತು. 'ಡಾಕ್ಟ್ರೇ, ಇದರಲ್ಲಿ ಪಾದರಸ ಉಂಟಾ?' ಎಂದು ರೋಗಿಗಳು ಕೇಳತೊಡಗಿದರು. ಕೇಳುವುದು ತಪ್ಪಲ್ಲ. ಇನ್ನೊಂದು ವಿಷಯ, ನನ್ನ ಔಷಧಿ ಕೋಣೆ ಇರುವುದು ಮನೆಯ ಹಿತ್ತಲಲ್ಲಿ. ಪುಟದಲ್ಲಿ ಪಾದರಸ ಹಾರಿ ಹೋಗುತ್ತದೆ ಎನ್ನುತ್ತೇವೆ. ಹಾರಿ ಹೋಗುವುದು ಎಲ್ಲಿಗೆ? ಅಲ್ಲಿ ಉಸಿರಾಡುವವರು ನನ್ನ ಮನೆಯವರೇ ಅಲ್ವಾ.

ತಾಮ್ರ ಹೊಂದಿಸುವಲ್ಲೇ ಮೊದಲ ಪೆಟ್ಟು. ಮೋಟಾರ್ ವೈಂಡಿಂಗ್ ಅಂಗಡಿಯ ಹಳೆ ತಂತಿ ಅಗ್ಗ. ಆದರೆ ಅದರ ಮೇಲೆ ವಾರ್ನಿಷ್ ಇರುತ್ತದೆ. ಸುಟ್ಟರೂ ಪೂರ್ತಿ ಹೋಗುವುದಿಲ್ಲ, ಕರಿ ಅಂಟಿಕೊಂಡು ಕೂರುತ್ತದೆ. ಹಳೆಯ ಪಾತ್ರೆಯ ಚೂರಿನಲ್ಲಿ ಕಲಾಯಿಯ ತವರ, ಬೆಸುಗೆಯ ಸೀಸ ಎರಡೂ ಇರಬಹುದು. ಕೊನೆಗೆ ಬೆಂಗಳೂರಿನಿಂದ ಎಲೆಕ್ಟ್ರಿಕಲ್ ದರ್ಜೆಯ ತೆಳು ತಗಡು ತರಿಸಿದೆ. ಕೆ.ಜಿ.ಗೆ ಸಾವಿರದ ಮೇಲೆ ಬಿತ್ತು. ಚಿತ್ರದುರ್ಗದ ಇಂಗಳದಾಳದಲ್ಲಿ ಹಿಂದೆ ತಾಮ್ರದ ಗಣಿಯೇ ಇತ್ತು, ನಾವೀಗ ತಗಡಿಗೆ ಕೊರಿಯರ್ ಕಾಯಬೇಕು.

ಸಾಮಾನ್ಯ ಶೋಧನ ಎಲ್ಲರೂ ಮಾಡುವಂತೆಯೇ ಮಾಡಿದೆ. ಕಾಯಿಸಿದ ತಗಡನ್ನು ಎಣ್ಣೆ, ಮಜ್ಜಿಗೆ, ಗೋಮೂತ್ರ, ಕಾಂಜಿ (ಹುಳಿ ಗಂಜಿ), ಹುರುಳಿ ಕಷಾಯ, ಒಂದೊಂದರಲ್ಲಿ ಏಳೇಳು ಸಲ ಅದ್ದಿದೆ. ಮಜ್ಜಿಗೆ ನೀಲಿ ಹಸಿರಾಗುವುದು ನೋಡಿದರೆ ಸಾಕು, ಶೋಧನ ಯಾಕೆ ಬೇಕು ಎಂದು ಗೊತ್ತಾಗುತ್ತದೆ. ಆಮೇಲೆ ಸೈಂಧವ ಉಪ್ಪು ಹಾಕಿ ಗೋಮೂತ್ರದಲ್ಲಿ ಕುದಿಸಿದೆ. ಇಲ್ಲಿ ನಾನೇನೂ ಹೊಸತು ಮಾಡಿಲ್ಲ.

ನಿಜವಾದ ಕಷ್ಟ ಆಮೇಲೆ. ಪಾದರಸ ಇದ್ದರೆ ಅದು ತಾಮ್ರವನ್ನು ಹಿಡಿದುಕೊಂಡು ಮೆದು ಮಾಡುತ್ತದೆ, ಖಲ್ವದಲ್ಲಿ ಅರೆಯಬಹುದು. ಬರೀ ಗಂಧಕ ಹಾಕಿ ಅರೆದರೆ ತಗಡು ತಗಡಾಗಿಯೇ ಉಳಿಯುತ್ತದೆ. ಗಂಧಕ ಮಾತ್ರ ನುಣ್ಣಗಾಗುತ್ತದೆ. ನಮ್ಮ ಸಹಾಯಕ ಹುಡುಗ ಬೆಳಗ್ಗಿನಿಂದ ಸಂಜೆಯವರೆಗೆ ಅರೆದು ರಟ್ಟೆ ಬಿದ್ದು ಹೋಯಿತು. ಅದನ್ನು ಹಾಗೇ ಪುಟಕ್ಕೆ ಇಟ್ಟರೆ ಮೇಲೆ ಕಪ್ಪು, ಮುರಿದು ನೋಡಿದರೆ ಒಳಗೆ ಕೆಂಪು ತಾಮ್ರ. ಅರ್ಧ ಸತ್ತ ತಾಮ್ರದಷ್ಟು ಅಪಾಯದ್ದು ಬೇರೆ ಇಲ್ಲ.

ದಾರಿ ಸಿಕ್ಕಿದ್ದು ಕ್ರಮ ತಿರುಗಿಸಿದಾಗ. ಅರೆದು ಸುಡುವ ಬದಲು, ಮೊದಲು ಸುಟ್ಟು ಆಮೇಲೆ ಅರೆಯುವುದು. ತಗಡನ್ನು ಸಣ್ಣಗೆ ಕತ್ತರಿಸಿ, ಶುದ್ಧ ಗಂಧಕದ ಪುಡಿಯ ಜೊತೆ ಪದರ ಪದರವಾಗಿ ಶರಾವದಲ್ಲಿ ತುಂಬಿ, ಬಿಗಿಯಾಗಿ ಮುಚ್ಚಿ ಸಣ್ಣ ಉರಿಯಲ್ಲಿ ಇಟ್ಟೆ. ತಣಿದ ಮೇಲೆ ತೆಗೆದರೆ ತಗಡು ಹಪ್ಪಳದಂತೆ ಬೆರಳಲ್ಲೇ ಮುರಿಯಿತು. ಗಂಧಕ ಒಳಗೆ ಹೊಕ್ಕು ತಾಮ್ರದ ಜೊತೆ ಕೂಡಿಕೊಂಡಿರುತ್ತದೆ. ಈಗ ಖಲ್ವದಲ್ಲಿ ಅರೆಯುವುದು ಸುಲಭ. ಕೆಂಪು ಚೂರು ಕಂಡರೆ ಜರಡಿ ಹಿಡಿದು ಬೇರೆ ಮಾಡಿ ಮತ್ತೆ ಗಂಧಕಕ್ಕೆ ಹಾಕುತ್ತೇನೆ. ಪದರಕ್ಕೆ ಗಂಧಕ ಎಷ್ಟು, ಜೊತೆಗೆ ಇನ್ನೇನು ಸವರುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾನು ಕೊಟ್ಟ ಬೆಲೆ ಜಾಸ್ತಿ.

ಪುಡಿ ಆಯಿತು, ಬೆರಳಿನ ಗೆರೆ ತುಂಬುವಷ್ಟು ನುಣ್ಣಗಾಗಿ ರೇಖಾಪೂರ್ಣ ಆಯಿತು, ನೀರಿನ ಮೇಲೆ ತೇಲಿತು. ಬೆರಳಿನ ಗೆರೆಯಲ್ಲಿ ಕೂತ ಮೇಲೆ ಗೆದ್ದೆ ಎಂದೇ ಅಂದುಕೊಳ್ಳುವುದು ಸಹಜ. ಆದರೆ ಅವೆರಡೂ ನುಣುಪಿನ ಪರೀಕ್ಷೆ ಮಾತ್ರ. ತಾಮ್ರದ ಗುಟ್ಟು ಹೇಳುವುದು ಹುಳಿ ಮೊಸರು. ಬಟ್ಟಲಿನಲ್ಲಿ ಉದುರಿಸಿ ಮುಚ್ಚಿಟ್ಟರೆ ಮಾರನೇ ದಿನ ಸುತ್ತ ಹಸಿರು ಬಳೆ. ಮತ್ತೆ ನಿಂಬೆರಸದ ಭಾವನೆ (ರಸ ಹಾಕಿ ಅರೆಯುವುದು), ಮತ್ತೆ ಪುಟ, ಮತ್ತೆ ಹಸಿರು. ಇನ್ನೂ ಬೆಂಕಿ ಬೇಕು ಎಂದು ಹಿರಿಯರು ಹೇಳಿದರು. ಬೆಂಕಿ ಹೆಚ್ಚು ಮಾಡಿದಷ್ಟೂ ಹಸಿರು ಹೆಚ್ಚಾಯಿತು. ಒಂದು ಬ್ಯಾಚಂತೂ ನೀರಿಗೆ ಹಾಕಿದ ಕೂಡಲೇ ತಿಳಿ ನೀಲಿ ಬಿಟ್ಟಿತು. ಅದು ಮೈಲುತುತ್ತದ, ಎಂದರೆ ತಾಮ್ರದ ಸಲ್ಫೇಟಿನ, ಬಣ್ಣ. ತೋಟ ಇರುವವರಿಗೆ ಬೇರೆ ಹೇಳಬೇಕಾಗಿಲ್ಲ.

ಆ ನೀಲಿಯೇ ಕಾರಣವನ್ನೂ ತೋರಿಸಿತು. ತಾಮ್ರ ಗಂಧಕದ ಜೊತೆ ಕೂಡಿರುವಷ್ಟು ಹೊತ್ತು ಮೊಸರು, ನಿಂಬೆಯ ಹುಳಿಗೆ ಸುಲಭಕ್ಕೆ ಕರಗುವುದಿಲ್ಲ. ಬಿಸಿ ಏರಿದಾಗ ಶರಾವದೊಳಗೆ ಗಾಳಿ ನುಗ್ಗಿದರೆ ಒಂದಷ್ಟು ಮೈಲುತುತ್ತವಾಗುತ್ತದೆ. ಇನ್ನೂ ಕಾಯಿಸಿದರೆ ಗಂಧಕ ಹಾರಿ ತಾಮ್ರ ಆಕ್ಸೈಡ್ ಆಗಿ ಬಿಡುತ್ತದೆ. ಮೈಲುತುತ್ತ ನೀರಿಗೇ ಕರಗುತ್ತದೆ, ಆಕ್ಸೈಡ್ ಹುಳಿಗೆ ಕರಗುತ್ತದೆ. ಎರಡೂ ಹಸಿರು ಬಿಡುತ್ತವೆ, ಎರಡೂ ವಾಂತಿ ತರುತ್ತವೆ. ಬೆರಣಿ ತುಂಬಿ ಉರಿಸುವ ದೊಡ್ಡ ಗುಂಡಿಯಾದ ಗಜಪುಟದ ನಡುವೆ ಬಿಸಿ 900 ಡಿಗ್ರಿ ಸುಮಾರಿಗೆ ಹೋಗುತ್ತದೆ. ಕಬ್ಬಿಣಕ್ಕೆ, ಅಭ್ರಕಕ್ಕೆ ಅದು ಬೇಕು. ಗಂಧಕದ ತಾಮ್ರಕ್ಕೆ ಅದು ಶತ್ರು. ಕನಿಷ್ಠ ಎಂಬ ಹೆಸರು ಬಂದದ್ದಕ್ಕೆ ಗಂಧಕಕ್ಕಿಂತ ಬೆಂಕಿಯೇ ಕಾರಣ ಇರಬೇಕು ಎಂಬುದು ನನ್ನ ಅಭಿಪ್ರಾಯ.

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆರಣಿ ಒಣಗುವುದೇ ಇಲ್ಲ. ಹಾಗಾಗಿ ವಿದ್ಯುತ್ ಮಫಲ್ ಕುಲುಮೆ ಮೊದಲೇ ತಂದಿದ್ದೆ. ಹಳೆಯದು, ಸುಮಾರು 40 ಸಾವಿರ ಕೊಟ್ಟೆ. ಅದರಲ್ಲಿ 450 ಡಿಗ್ರಿ ಆಸುಪಾಸಿನಲ್ಲಿ ನಿಲ್ಲಿಸಿ, 500 ಯಾವತ್ತೂ ದಾಟದಂತೆ ನೋಡಿಕೊಂಡೆ. ಪುಟದಿಂದ ಪುಟಕ್ಕೆ ಬಿಸಿ ಏರಿಸುವ ಬದಲು ಇಳಿಸುತ್ತಾ ಬಂದೆ. ಶರಾವಕ್ಕೆ ಮುಲ್ತಾನಿ ಮಿಟ್ಟಿ ಸವರಿದ ಬಟ್ಟೆ ಏಳು ಸುತ್ತು. ಒಂದೊಂದು ಸುತ್ತೂ ಪೂರ್ತಿ ಒಣಗಿದ ಮೇಲೆಯೇ ಮುಂದಿನದು. ಬಿರುಕು ಕಂಡ ಶರಾವವನ್ನು ಒಳಗೆ ಇಡುವುದೇ ಇಲ್ಲ. ಕುಲುಮೆ ತಾನಾಗಿ ತಣಿಯುವವರೆಗೆ ಬಾಗಿಲು ತೆಗೆಯುವುದಿಲ್ಲ. ಬಿಸಿಯಲ್ಲಿ ಶರಾವ ಬಿಚ್ಚಿದರೆ ಒಳಗಿನ ಪುಡಿ ಆ ಕ್ಷಣಕ್ಕೇ ಗಾಳಿ ಹಿಡಿಯುತ್ತದೆ.

ಇದರಲ್ಲಿ ಕಳೆದುಕೊಂಡದ್ದೂ ಇದೆ. ಗಂಧಕದ ಹೊಗೆ ಕುಲುಮೆಯ ಕಾಯಿಲ್ ತಿಂದು ಹಾಕಿತು. ಎರಡು ಸಲ ಸುತ್ತಿಸಿದೆ, ಪ್ರತಿ ಸಲ ಏಳೆಂಟು ಸಾವಿರ. ಈಗ ಶರಾವವನ್ನು ಇನ್ನೊಂದು ಮುಚ್ಚಿದ ಮಣ್ಣಿನ ಪಾತ್ರೆಯೊಳಗೆ ಇಡುತ್ತೇನೆ, ಮೇಲೆ ಎಕ್ಸಾಸ್ಟ್ ಫ್ಯಾನಿನ ಪೈಪು ಇದೆ. ಪಕ್ಕದ ಮನೆಯವರ ಮಲ್ಲಿಗೆ ಗಿಡದ ಎಲೆ ಹಳದಿಯಾಗಿ ದೊಡ್ಡ ಮಾತೂ ಆಯಿತು. ಪೈಪನ್ನು ಮಾಡಿಗಿಂತ ಮೇಲೆ ಏರಿಸಿದ ಮೇಲೆ ಸರಿಹೋಯಿತು. ನಿಂಬೆಹಣ್ಣಿನ ಖರ್ಚು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾಲು ಕೆ.ಜಿ. ತಾಮ್ರಕ್ಕೆ ಒಂದು ಭಾವನೆಗೆ ಹತ್ತಿಪ್ಪತ್ತು ಹಣ್ಣು ಬೇಕು. ಏಪ್ರಿಲ್‌ನಲ್ಲಿ ಹಣ್ಣಿಗೆ ಹತ್ತು ರೂಪಾಯಿ ಆದಾಗ ಕೈ ಕಚ್ಚುತ್ತದೆ. ಮಳೆಗಾಲದಲ್ಲಿ ಮಾಡಿ. ಎಲ್ಲ ಸೇರಿ, ಕುಲುಮೆ ಬಿಟ್ಟು, ಕೈಗೆ ಬರುವ ಭಸ್ಮ ಗ್ರಾಂಗೆ ಇಪ್ಪತ್ತು ರೂಪಾಯಿಯ ಸುತ್ತ ಬೀಳುತ್ತದೆ.

ತೂಕ ನೋಡುವುದನ್ನು ಬಿಡಬೇಡಿ. ಕಾಲು ಕೆ.ಜಿ. ತಾಮ್ರ ಹಾಕಿದರೆ ನನಗೆ 340, 350 ಗ್ರಾಂ ಬರುತ್ತದೆ. ಆ ಹೆಚ್ಚಿನ ತೂಕ ಗಂಧಕದ್ದು. ಪುಟದಿಂದ ಪುಟಕ್ಕೆ ತೂಕ ಇಳಿಯುತ್ತಾ ಹೋದರೆ ಗಂಧಕ ಹಾರುತ್ತಿದೆ ಎಂದು ಅರ್ಥ. ಬೆಂಕಿ ಕಡಿಮೆ ಮಾಡಿ, ಶರಾವದ ಸಂಧಿ ನೋಡಿ. ಇನ್ನೊಂದು ಅಗ್ಗದ ಉಪಾಯ: ಚಿಟಿಕೆ ಭಸ್ಮವನ್ನು ಬಿಸಿನೀರಿನಲ್ಲಿ ಕದಡಿ, ಸೋಸಿ, ಆ ತಿಳಿಗೆ ಅಮೋನಿಯಾ ಎರಡು ಹನಿ ಬಿಡಿ. ಗಾಢ ನೀಲಿ ಬಂದರೆ ಕರಗುವ ತಾಮ್ರ ಉಳಿದಿದೆ. ಮೊಸರಿಗೆ ಒಂದು ದಿನ ಕಾಯುವ ಮೊದಲೇ ಉತ್ತರ ಸಿಗುತ್ತದೆ. ಇದೇ ಪರೀಕ್ಷೆಯನ್ನು ಪೇಟೆಯಿಂದ ತಂದ ಒಂದು ಡಬ್ಬಿಗೂ ಮಾಡಿದೆ. ನೀಲಿ ಬಂತು.

ನಡುವೆ ಬೇರೆ ದಾರಿಗಳನ್ನೂ ಹಿಡಿದು ನೋಡಿದೆ. ತಗಡು ಕತ್ತರಿಸುವ ಕೆಲಸ ತಪ್ಪಿಸಲು, ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ತಂದ ಮೈಲುತುತ್ತವನ್ನು ನೀರಿಗೆ ಹಾಕಿ ಕಬ್ಬಿಣದ ತಗಡು ಅದ್ದಿದೆ. ಕೆಂಪು ತಾಮ್ರ ನುಣ್ಣಗೆ ಕೂತಿತು. ನೋಡಲು ಚೆಂದ, ಅರೆಯುವ ಕಷ್ಟವೂ ಇಲ್ಲ. ಆದರೆ ಒಣಗಿಸುವಾಗಲೇ ಕಂದು ತಿರುಗುತ್ತದೆ, ಅಯಸ್ಕಾಂತ ಹಿಡಿದರೆ ಕಬ್ಬಿಣದ ಚೂರು ಎದ್ದು ಬರುತ್ತದೆ. ತೋಟದ ಮೈಲುತುತ್ತದಲ್ಲಿ ಇನ್ನೇನೇನು ಇದೆಯೋ. ಔಷಧಿಗೆ ಅದು ಬೇಡ ಎಂದು ಅಲ್ಲಿಗೇ ಬಿಟ್ಟೆ.

ತಾಮ್ರದ ಬಿಂದಿಗೆ ನೀರಿನ ವಿಷಯವನ್ನೂ ಹೇಳಬೇಕು. ತಾಮ್ರ ಎಂದ ಕೂಡಲೇ ರೋಗಿಗಳು ಕೇಳುವುದು ಅದನ್ನೇ. ಬೆಂಗಳೂರಿನ ಯಲಹಂಕ ಕಡೆಯ ಆಯುರ್ವೇದ ಸಂಶೋಧನಾ ಸಂಸ್ಥೆಯವರು ಭೇದಿ ತರುವ ಬ್ಯಾಕ್ಟೀರಿಯಾ ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟು ನೋಡಿದರು. ಬ್ಯಾಕ್ಟೀರಿಯಾ ಉಳಿಯಲಿಲ್ಲ. ನೀರಿಗೆ ಬಿಟ್ಟ ತಾಮ್ರ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ 2 ಮಿಲಿಗ್ರಾಂಗಿಂತ ತುಂಬ ಕೆಳಗೇ ಇತ್ತು. 2012ರಲ್ಲಿ ಪ್ರಕಟವಾದ ಕೆಲಸ. ನನ್ನ ಮನೆಯಲ್ಲೂ ಬಿಂದಿಗೆಯದ್ದೇ ನೀರು. ಆದರೆ ಅದಕ್ಕೆ ನಿಂಬೆ ಹಿಂಡಿ ಇಡುವವರಿದ್ದಾರೆ, ಮಜ್ಜಿಗೆ ಹಾಕಿಡುವವರಿದ್ದಾರೆ. ಅದು ಖಂಡಿತ ಬೇಡ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹಾಲು ಕಾಯಿಸಿ ಹಸುಗೂಸಿಗೆ ಕುಡಿಸಿದ್ದಕ್ಕೂ ನಮ್ಮ ದೇಶದ ಮಕ್ಕಳಲ್ಲಿ ಕಂಡ ಯಕೃತ್ತಿನ ಕಾಯಿಲೆಗೂ ಸಂಬಂಧ ಇದೆ ಎಂದು 1980ರ ದಶಕದಲ್ಲಿ ಪುಣೆಯ ಕಡೆ ಕೆಲಸ ಮಾಡಿದ ವೈದ್ಯರು ತೋರಿಸಿದರು. ತಾಮ್ರದ ಕಡಗವನ್ನು ಸಂಧಿವಾತಕ್ಕೆ ಹಾಕಿ ಎಂದು ನಾನು ಹೇಳುವುದಿಲ್ಲ. ಬ್ರಿಟನ್ನಿನಲ್ಲಿ ಆಮವಾತದ (ರುಮಟಾಯ್ಡ್ ಸಂಧಿವಾತದ) ರೋಗಿಗಳ ಮೇಲೆ ಸರಿಯಾಗಿ ಪರೀಕ್ಷೆ ಮಾಡಿ 2013ರಲ್ಲಿ ಬರೆದಿದ್ದಾರೆ, ಗುಣ ಕಾಣಲಿಲ್ಲ.

ಮತ್ತೆ ಭಸ್ಮಕ್ಕೆ ಬಂದರೆ, ಉಳಿದ ದೋಷ ತೆಗೆಯುವ ಅಮೃತೀಕರಣ ನನಗೆ ತುಂಬ ಇಷ್ಟದ ಹಂತ. ದೊಡ್ಡ ಸುವರ್ಣಗೆಡ್ಡೆ ಕೊರೆದು, ಗಂಧಕ ಸೇರಿಸಿ ಅರೆದ ಉಂಡೆ ಒಳಗಿಟ್ಟು, ಅದೇ ಗೆಡ್ಡೆಯ ಚೂರಿನಿಂದ ಮುಚ್ಚಿ, ಮಣ್ಣು ಮೆತ್ತಿ ಕುಲುಮೆಗೆ. ಸಂಪ್ರದಾಯ ಮಾತ್ರ ಎಂದು ಹೊಸಬರು ಬಿಟ್ಟುಬಿಡುತ್ತಾರೆ. ಬಿಡಬೇಡಿ. ಗೆಡ್ಡೆ ಒಳಗೇ ಇದ್ದಿಲಾಗಿ ಗಾಳಿಯನ್ನು ತಡೆಯುತ್ತದೆ ಎಂಬುದು ನನ್ನ ಲೆಕ್ಕ. ಗೆಡ್ಡೆ ಇಲ್ಲದೆ ಮಾಡಿದ ಪಾಲು ಮೊಸರಿನಲ್ಲಿ ಅಂಚಿಗೆ ತುಸು ಹಸಿರು ಬಿಟ್ಟಿತು, ಗೆಡ್ಡೆಯಲ್ಲಿ ಮಾಡಿದ್ದು ಬಿಡಲಿಲ್ಲ. ತುರಿಕೆ ಜಾಸ್ತಿ ಇರುವ ನಾಟಿ ಗೆಡ್ಡೆಯೇ ಒಳ್ಳೆಯದು. ಕೈಗೆ ಎಣ್ಣೆ ಸವರಿಕೊಂಡು ಕೊರೆಯಿರಿ. ಕೊನೆಯ ಭಾವನೆಗೆ ನಾನು ನಿಂಬೆಯ ಬದಲು ಬೇರೊಂದು ಸೊಪ್ಪಿನ ರಸ ಹಾಕುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ಮೊಸರಿನಲ್ಲಿ ಗೆದ್ದಿತು ಎಂದರೆ ರೋಗ ವಾಸಿ ಮಾಡಿತು ಎಂದಲ್ಲ. ಕರಗುವ ತಾಮ್ರ ಇಲ್ಲ ಎಂದಷ್ಟೇ. ಈ ಭಸ್ಮವನ್ನು ನಾನು ಒಂಟಿಯಾಗಿ ಕೊಡುವುದು ಅಪರೂಪ. ಹೆಚ್ಚಿನದು ಆರೋಗ್ಯವರ್ಧಿನಿ ಎಂಬ ಗುಳಿಗೆಗೆ ಹೋಗುತ್ತದೆ. ಅದಕ್ಕೆ ಬೇಕಾದ ಕಜ್ಜಲಿ ಎಂಬ ಕಪ್ಪು ಪುಡಿಯಲ್ಲಿ ಪಾದರಸ ಇದ್ದೇ ಇದೆ, ಅದನ್ನು ರೋಗಿಗೆ ಮುಚ್ಚಿಡದೆ ಹೇಳುತ್ತೇನೆ. ಗರ್ಭಿಣಿಯರಿಗೆ, ಮಕ್ಕಳಿಗೆ ತಾಮ್ರ ಇಲ್ಲ. ಚಿಕ್ಕ ವಯಸ್ಸಿನವರು ಕಾಮಾಲೆ, ಕೈನಡುಕ ಎಂದು ಬಂದರೆ ವಿಲ್ಸನ್ ಕಾಯಿಲೆ ನೋಡಿಸಲು ನಿಮ್ಹಾನ್ಸ್‌ಗೆ ಕಳಿಸುತ್ತೇನೆ. ಅವರ ದೇಹದಲ್ಲಿ ತಾಮ್ರ ಹೊರಗೆ ಹೋಗದೆ ಕೂಡಿಕೊಳ್ಳುತ್ತದೆ, ನಮ್ಮ ಭಸ್ಮ ಅವರಿಗೆ ವಿಷವೇ.

ಆಗೋದಿಲ್ಲ ಎಂದಿದ್ದ ಹಿರಿಯರಿಗೆ ಒಂದು ಚಿಕ್ಕ ಶೀಶೆ ಕೊಟ್ಟು ಬಂದೆ. ತಮ್ಮ ಮನೆಯ ಮೊಸರಿನಲ್ಲೇ ನೋಡಿದರು. 'ಕುಲುಮೆಯಲ್ಲಿ ಆಯಿತು, ಬೆರಣಿಯಲ್ಲಿ ಮಾಡಿ ತೋರಿಸು' ಎಂದರು. ಸರಿಯಾದ ಮಾತೇ, ಕರೆಂಟು ಇಲ್ಲದವರಿಗೂ ಇದು ಬರಬೇಕು. ಈ ಬೇಸಿಗೆಯಲ್ಲಿ ಗಜಪುಟದ ಬದಲು ಅದಕ್ಕಿಂತ ಚಿಕ್ಕದಾದ ಕುಕ್ಕುಟ ಪುಟ ಹಾಕಿ, ಶರಾವದ ಪಕ್ಕ ಥರ್ಮೋಕಪಲ್ ಇಟ್ಟು ಬಿಸಿ ಎಷ್ಟಕ್ಕೆ ಏರುತ್ತದೆ ಎಂದು ಅಳೆಯುತ್ತೇನೆ. ಬೆರಣಿ ತಟ್ಟಿಸಿ ಆಗಿದೆ.